ಪೇಟಿ ಮಾಸ್ತರರ ಮೂಲೆ

ದಾವಣಗೆರೆಗೆ ಸಂಗೀತದ ಚರಿತ್ರೆ ಎಂಬುದೊಂದು ಉಂಟೆ ಎಂದು ಮೈಸೂರಿನ ಸ್ನೇಹಿತರೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಕೇಳಿದ ಧಾಟಿಯಲ್ಲಿ ಕುಹಕವೇನೂ ಇರಲಿಲ್ಲ. ಮೈಸೂರಿಗೆ ಅರಮನೆಯಿತ್ತು, ಬೆಂಗಳೂರಿಗೆ ಗಾಯನ ಸಮಾಜವಿತ್ತು, ಧಾರವಾಡಕ್ಕೆ ಹೆಸರಾಂತ ಗವಾಯಿಗಳಿದ್ದರು. ಹತ್ತಿಯ ಮಂಡಿ, ಮಿಲ್ಲಿನ ಚಿಮಣಿ, ಮಂಡಕ್ಕಿ ಭಟ್ಟಿಯ ಹೊಗೆ ಇವುಗಳಿಂದಲೇ ಗುರುತು ಹಿಡಿಯಬೇಕಾದ ಊರಿಗೆ ಸಂಗೀತ ಎಲ್ಲಿಂದ ಬರಬೇಕು? ನಾನು ಆಗ ಏನೋ ಹೇಳಿ ಮಾತು ಹಾರಿಸಿದೆ. ಕೊಡಬೇಕಾಗಿದ್ದ ಉತ್ತರ ಮನೆಗೆ ಬಂದು ಮಲಗಿದ ಮೇಲೆ ಹೊಳೆಯಿತು. ನಮ್ಮ ಕಡೆಯ ಸಂಗೀತ ಸಭೆ ಎಂದರೆ ನಾಟಕದ ಕಂಪನಿಯ ಟೆಂಟು; ಅದರ ವಿದ್ವಾಂಸರು ಕೂಡುತ್ತಿದ್ದುದು ರಂಗದ ಮೇಲಲ್ಲ, ರಂಗದ ಕೆಳಗಿನ ಒಂದು ಮೂಲೆಯಲ್ಲಿ.

ನಾನು ಹರಿಹರದವನು. ನನ್ನ ಸೋದರಮಾವ ಅಲ್ಲಿಯ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದವರು. ಹಗಲೆಲ್ಲ ಕಬ್ಬಿಣದ ಕಿರುಚಾಟ ಕೇಳಿದ ಕಿವಿಗೆ ರಾತ್ರಿ ಒಂದಿಷ್ಟು ಹಿತವಾದ ಸ್ವರ ಬೇಕಾಗುತ್ತಿತ್ತೋ ಏನೋ, ದಾವಣಗೆರೆಯಲ್ಲಿ ಕಂಪನಿ ಬಂದು ಟೆಂಟು ಹೊಡೆಯಿತೆಂದರೆ ಶನಿವಾರ ಅವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. 1966ರ ಬೇಸಿಗೆಯಲ್ಲಿ ಮೊದಲ ಬಾರಿಗೆ ನನ್ನನ್ನೂ ಕರೆದುಕೊಂಡು ಹೋದರು. ಆಗ ನನಗೆ ಹನ್ನೊಂದು ವರ್ಷ. ಎರಡೂ ಊರುಗಳ ನಡುವಿನ ಅಂತರ ಹದಿನಾಲ್ಕು ಕಿಲೋಮೀಟರ್ ಇದ್ದೀತು. ನನಗಾದರೋ ಕಾಶಿಯಾತ್ರೆಗೆ ಹೊರಟ ಸಂಭ್ರಮ.

ಟೆಂಟಿನೊಳಗೆ ನೆಲ, ಬೆಂಚು, ಕುರ್ಚಿ ಎಂದು ಟಿಕೆಟ್ಟಿನ ಮೂರು ದರ್ಜೆ. ಮಿಲ್ಲಿನ ಕೆಲಸಗಾರರು, ಮಂಡಿಯ ಹಮಾಲರು, ಬಂಡಿ ಕಟ್ಟಿಕೊಂಡು ಬಂದ ಹಳ್ಳಿಯವರು ನೆಲದಲ್ಲಿ. ದಲಾಲಿ ಅಂಗಡಿಯ ಸಾಹುಕಾರರು ಕುರ್ಚಿಯಲ್ಲಿ. ನಾನು ಹುಡುಗಬುದ್ಧಿಯಿಂದ ನಟ್ಟನಡುವಿನ ಮುಂದಿನ ಸಾಲಿಗೆ ಓಡಿದೆ. ಮಾವ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

“ಅಲ್ಲಿ ಬ್ಯಾಡ, ಇತ್ಲಾಗೆ ಬಾ. ಮುಂದ್ ಕುಂತ್ರೆ ಮುಖ ಕಾಣ್ತಾವೆ ಅಷ್ಟೆ. ಪೇಟಿ ಹತ್ರ ಕುಂತ್ರೆ ನಾಟಕ ಕೇಳ್ತೈತಿ.”

ಪೇಟಿ ಎಂದರೆ ಹಾರ್ಮೋನಿಯಂ. ಕಂಪನಿಗಳಲ್ಲಿ ಇದ್ದದ್ದು ಕೈಯಿಂದ ತಿದಿ ಒತ್ತುವ ಸಣ್ಣ ಪೆಟ್ಟಿಗೆಯಲ್ಲ. ಮೇಜಿನಷ್ಟು ಎತ್ತರದ, ಎರಡು ಕಾಲಿನಿಂದಲೂ ತುಳಿಯುವ ಲೆಗ್ ಹಾರ್ಮೋನಿಯಂ. ಗಾಳಿ ತುಂಬುವ ಕೆಲಸವನ್ನು ಕಾಲು ವಹಿಸಿಕೊಂಡಿದ್ದರಿಂದ ಎರಡು ಕೈಗಳೂ ಸ್ವರಕ್ಕೆ ಬಿಡುವಾಗಿರುತ್ತಿದ್ದವು. ಅದರ ಮುಂದೆ ಪೇಟಿ ಮಾಸ್ತರು, ಪಕ್ಕದಲ್ಲಿ ತಬಲಾದವರು, ಕೆಲವು ಕಂಪನಿಗಳಲ್ಲಿ ಜೊತೆಗೊಂದು ಪಿಟೀಲು ಅಥವಾ ಕ್ಲಾರಿಯೊನೆಟ್. ಮೂರೋ ನಾಲ್ಕೋ ಜನರ ಈ ಮೇಳ ನಾಂದಿಯಿಂದ ಮಂಗಳದವರೆಗೆ, ಎಂದರೆ ರಾತ್ರಿ ಹತ್ತರಿಂದ ಎರಡು ಮೂರು ಗಂಟೆಯವರೆಗೆ, ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಆ ರಾತ್ರಿ ನಾನು ಕಂಡದ್ದನ್ನು ಈಗಲೂ ಮರೆತಿಲ್ಲ. ನಟನ ಮಾತು ಮುಗಿಯುವ ಮುನ್ನವೇ ಪೇಟಿಯಿಂದ ಸಣ್ಣಗೆ ಶ್ರುತಿ ಹೊರಡುತ್ತಿತ್ತು. ಮಾತಿನ ಕೊನೆಯ ಅಕ್ಷರ ಆ ಶ್ರುತಿಯ ಮೇಲೆ ಬಂದು ಇಳಿಯುತ್ತಿತ್ತು. ಮಾತು ಎಲ್ಲಿ ಹಾಡಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬ ಪಾತ್ರಧಾರಿ ಬರುವುದು ತಡವಾದರೆ ಮಾಸ್ತರರು ಒಂದು ಗತ್ತು ನುಡಿಸಿ ಆ ಬಿರುಕನ್ನು ಮುಚ್ಚುತ್ತಿದ್ದರು. ಮುಖ್ಯ ನಟಿಗೆ ಅಂದು ಗಂಟಲು ಕಟ್ಟಿತ್ತು. ಅವರು ಮೇಲಿನ ಷಡ್ಜಕ್ಕೆ ಏರಲಾರದೆ ತಡವರಿಸಿದ ಕ್ಷಣದಲ್ಲಿ ಪೇಟಿಯೇ ಆ ಸ್ವರವನ್ನು ಎತ್ತಿಕೊಂಡು, ಸುತ್ತು ಹಾಕಿ, ಅವರ ಕೈಗೆ ಮರಳಿ ಒಪ್ಪಿಸಿತು. ಟೆಂಟು ತುಂಬ ಚಪ್ಪಾಳೆ. ಹಿಂದಿನಿಂದ “ವನ್ಸ್ ಮೋರ್” ಎಂಬ ಕೂಗು. ನಟಿ ಕೈಮುಗಿದರು. ಮಾಸ್ತರರು ತಲೆಯನ್ನೂ ಎತ್ತದೆ ಪಲ್ಲವಿಯನ್ನು ಮತ್ತೆ ಹಿಡಿದರು. ಮಾವ ನನ್ನ ತೊಡೆ ತಟ್ಟಿ, “ನೋಡ್ದಾ? ಹಾಡಿದ್ದು ಯಾರು, ಹೇಳು” ಎಂದರು.

ಆಟ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ತಿಂದು, ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒರಗಿ ಬೆಳಗಿನ ಗಾಡಿಗೆ ಕಾಯುವುದು ಪದ್ಧತಿ. ಮಾವ ಅಲ್ಲಿಯೂ ಮೆಲ್ಲಗೆ ಗುನುಗುತ್ತಿದ್ದರು. ಈ ಮಟ್ಟು ಆಚೆ ಕಡೆಯದು, ಈ ಮಟ್ಟು ಈಚೆ ಕಡೆಯದು ಎಂದು ಹೇಳುತ್ತಿದ್ದರು. ಆಚೆ ಈಚೆ ಎಂದರೆ ಏನೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ನಮ್ಮ ಸೀಮೆಯ ಸಂಗೀತದ ಗುಟ್ಟು ಇರುವುದು ಈ ಮಾತಿನಲ್ಲಿಯೇ. 1956ರಲ್ಲಿ ರಾಜ್ಯ ಒಂದಾಗುವವರೆಗೆ ಹರಿಹರ ಮೈಸೂರು ಸಂಸ್ಥಾನದ ಅಂಚಿನ ಊರು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಸರ್ಕಾರಗಳಿಗೆ ಹೊಳೆ ಗಡಿಯಾಗಿತ್ತು. ಕಂಪನಿಗಳಿಗೆ ಅದು ಬರಿಯ ಒಂದು ಸೇತುವೆ. ಬೆಂಗಳೂರನ್ನೂ ಹುಬ್ಬಳ್ಳಿಯನ್ನೂ ಕೂಡಿಸಿದ ಮೀಟರ್‌ಗೇಜ್ ರೈಲುದಾರಿ 1880ರ ದಶಕದಲ್ಲಿಯೇ ಹರಿಹರಕ್ಕೆ ಬಂದಿತ್ತು. ಪರದೆ, ಕಿರೀಟ, ಪೇಟಿ ಎಲ್ಲವನ್ನೂ ರೈಲಿಗೆ ತುಂಬಿಕೊಂಡು ತೆಂಕಣ ಕಂಪನಿಗಳು ಬಡಗಲಿಗೂ ಬಡಗಣವು ತೆಂಕಲಿಗೂ ಸಾಗುವಾಗ, ಹತ್ತಿ ಮಾರಿದ ದುಡ್ಡು ಓಡಾಡುವ ದಾವಣಗೆರೆಯಲ್ಲಿ ಇಳಿಯದೆ ಹೋಗುವುದುಂಟೆ?

ತೆಂಕಣದಲ್ಲಿ ಗುಬ್ಬಿ ವೀರಣ್ಣನವರ (1891–1972) ಕಂಪನಿ ಮತ್ತು ಅದರ ಸಂತತಿ. ಅಲ್ಲಿಯ ಹಾಡುಗಳ ಬೇರು ಕರ್ನಾಟಕ ಸಂಗೀತದ ಕೀರ್ತನೆಗಳಲ್ಲಿ. ಬಡಗಣದಲ್ಲಿ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಮುಂದೆ ಏಣಗಿ ಬಾಳಪ್ಪನವರು (1914–2017) ಕಟ್ಟಿದ ಮಂಡಳಿಗಳು. ಅಲ್ಲಿಯದು ಹಿಂದೂಸ್ತಾನಿ ಧಾಟಿ, ಅದರ ಬೆನ್ನಿಗೆ ಮರಾಠಿ ನಾಟ್ಯಸಂಗೀತದ ನೆರಳು. ಈ ಮರಾಠಿ ಋಣವೂ ಒಂದು ಕಡೆಯಿಂದ ಬಂದ ಋಣವಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕವನ್ನಾಡಿದ್ದಕ್ಕೆ ನಮ್ಮ ಕರಾವಳಿಯ ಯಕ್ಷಗಾನ ಮೇಳದ ಆಟವೇ ಪ್ರೇರಣೆ ಎಂದು ಹೇಳುತ್ತಾರೆ. 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ರೂಪು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1941ರಲ್ಲಿ ಹರಿಹರಕ್ಕೆ ಬಂದ ಲೇತ್ ಕಾರ್ಖಾನೆಯ ಹಿಂದಿನ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಜನ್ಮಸ್ಥಳವೂ ಅದೇ ಊರು. ಹಗಲು ಒಬ್ಬ ಕಿರ್ಲೋಸ್ಕರರ ಯಂತ್ರ, ರಾತ್ರಿ ಇನ್ನೊಬ್ಬ ಕಿರ್ಲೋಸ್ಕರರ ಮಟ್ಟು. ನನ್ನ ಮಾವ ಇಬ್ಬರಿಗೂ ಸಂದವರು ಎಂದು ಈಗ ನೆನೆದು ನಗುತ್ತೇನೆ.

ಹೀಗೆ ಎರಡು ಪದ್ಧತಿಗಳನ್ನು ಒಂದೇ ಟೆಂಟಿನ ನೆಲದಲ್ಲಿ ಕೂತು ಕೇಳುವ ಭಾಗ್ಯ ಮೈಸೂರಿನವರಿಗೂ ಧಾರವಾಡದವರಿಗೂ ಸುಲಭವಾಗಿ ಸಿಗುತ್ತಿರಲಿಲ್ಲ; ದಾವಣಗೆರೆಯ ಹಮಾಲನಿಗೆ ಸಿಗುತ್ತಿತ್ತು. ಅವನಿಗೆ ರಾಗದ ಹೆಸರು ಗೊತ್ತಿರಲಿಲ್ಲ. ಆದರೆ ಸ್ವರ ಜಾರಿದರೆ ಗೊತ್ತಾಗುತ್ತಿತ್ತು, ಮರುಕ್ಷಣವೇ ಸೀಟಿ ಬೀಳುತ್ತಿತ್ತು.

ಕಂಪನಿಯ ಸಂಗೀತವನ್ನು ಕೀಳೆಂದು ಕಾಣುವವರು ಇನ್ನೊಂದು ಸಂಗತಿಯನ್ನು ಮರೆಯುತ್ತಾರೆ. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡಿದವರು. ಬಸವರಾಜ ರಾಜಗುರುಗಳೂ ಕಂಪನಿಯ ರುಚಿ ಕಂಡವರೇ. ರಾಜಗುರುಗಳ ಗುರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944), ತಾವೇ ಕಣ್ಣಿಲ್ಲದವರು, ಅಂಧ ಮಕ್ಕಳ ಸಂಗೀತಶಾಲೆಯನ್ನು ಸಾಕುವುದಕ್ಕೆ ನಾಟಕದ ಕಂಪನಿಯನ್ನೇ ಕಟ್ಟಿದರು. ಅವರ ಜೀವನವನ್ನು ಕುರಿತು 1995ರಲ್ಲಿ ಚಲನಚಿತ್ರ ತಯಾರಿಸಿದವರು ನಮ್ಮ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ. ಆ ಚಿತ್ರದ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಕಂಪನಿಯ ಋಣವನ್ನು ಕಂಪನಿಯ ಮಗಳೇ ತೀರಿಸಿದಂತಾಯಿತು.

ಇಷ್ಟಾದರೂ ಪೇಟಿಗೆ ಮರ್ಯಾದೆ ದೊರೆಯಲಿಲ್ಲ. ಅದಕ್ಕೊಂದು ಕಾರಣವುಂಟು. ಹಾರ್ಮೋನಿಯಂ 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ರೂಪುಗೊಂಡ ವಾದ್ಯ. ಅದರ ಮನೆಗಳು ಮೊದಲೇ ಗೊತ್ತುಮಾಡಿದ ಸ್ವರಗಳು. ಒಂದರಿಂದ ಇನ್ನೊಂದಕ್ಕೆ ಜಾರುವುದು, ಗಮಕದಲ್ಲಿ ತೂಗುವುದು ಅದಕ್ಕೆ ಬಾರದು. ಪಂಡಿತರ ಆಕ್ಷೇಪಣೆ ಸುಳ್ಳಲ್ಲ. ರವೀಂದ್ರನಾಥ ಠಾಕೂರರೂ ಅದನ್ನು ಒಪ್ಪಿದವರಲ್ಲ. 1940ರ ಮಾರ್ಚಿಯಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು; ಆ ಬಾಗಿಲು ತುಸುವಾದರೂ ತೆರೆದದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೊದಲ್ಲಿ ಕೇಳದ ವಾದ್ಯವನ್ನು ಓದಿದ ಮನೆಗಳು ಸಂಗೀತದ ವಾದ್ಯವೆಂದೇ ಎಣಿಸದಾದವು. “ನಮ್ ಪೇಟಿ ಅಲ್ಲಿ ನಡಿಯಲ್ಲಂತೆ” ಎಂದು ಮಾವ ರೇಡಿಯೊ ಕಡೆ ಕೈತೋರಿಸಿ ನಗುತ್ತಿದ್ದರು. ಜಾರಲಾರದ ಮನೆಗಳ ಮೇಲೆ ಜಾರಿದಂತೆ ತೋರಿಸುವ ಬೆರಳುಗಾರಿಕೆಯನ್ನು ಅವರು ಪ್ರತಿ ಶನಿವಾರ ಕಣ್ಣಾರೆ ಕಂಡಿದ್ದರಲ್ಲ!

ಬೋನಸ್ಸು ಬಂದ ಒಂದು ವರ್ಷ ಅವರು ಸ್ವತಃ ಒಂದು ಕೈಪೇಟಿ ಕೊಂಡರು. ಸೋಮವಾರದ ಭಜನೆಯಲ್ಲಿ ಅದನ್ನು ನುಡಿಸುತ್ತಿದ್ದರು. ದೇವರನಾಮದ ನಡುವೆ ಗುಟ್ಟಾಗಿ ಒಂದು ನಾಟಕದ ಮಟ್ಟು ನುಸುಳುತ್ತಿತ್ತು. ಬಲ್ಲವರು ಮುಸಿಮುಸಿ ನಗುತ್ತಿದ್ದರು.

ಇನ್ನು ನನ್ನ ತಪ್ಪಿನ ಕಥೆ. ಕಾಲೇಜು ಸೇರಿ ನಾಲ್ಕು ಪುಸ್ತಕ ಓದಿದ ಮೇಲೆ ನನಗೆ ಕಂಪನಿ ನಾಟಕವೆಂದರೆ ನಾಚಿಕೆಯಾಗತೊಡಗಿತು. ಹೊಸ ನಾಟಕಗಳನ್ನಾಡುವ ಗೆಳೆಯರ ಕೂಟದಲ್ಲಿ ಪೇಟಿಯ ಅಣಕವಾಡಿ ನಗಿಸಿದವನು ನಾನೇ. ಅದೇ ಕಾಲದಲ್ಲಿ, ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಕಂಪನಿಯ ಹಾಡಿನ ಕಸುವನ್ನೇ ಹೊಸ ರಂಗಭೂಮಿಗೆ ತಂದು ದೇಶವನ್ನೆಲ್ಲ ಬೆರಗುಗೊಳಿಸುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. 1987ರಲ್ಲಿ ಮಾವ ತೀರಿಕೊಂಡರು. ಅತ್ತೆ ಪೇಟಿಯನ್ನು ತೋರಿಸಿ, “ನೀನೇ ಒಯ್ಯಪ್ಪಾ, ನಿಂಗಂತಲೇ ಇಟ್ಟಿದ್ರು” ಎಂದರು. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಜಾಗವಿಲ್ಲವೆಂದು ಹೇಳಿದೆ. ಮುಂದಿನ ಸಲ ಹೋದಾಗ ಅದು ಗುಜರಿಯವನ ಪಾಲಾಗಿತ್ತು. ಜಾಗವಿರಲಿಲ್ಲ ಎಂಬುದು ಸುಳ್ಳು. ಆ ವರ್ಷವೇ ನಾನೊಂದು ಟೆಲಿವಿಷನ್ ಕೊಂಡೆ.

ಟೆಲಿವಿಷನ್ ಕೊಂಡವನು ನಾನೊಬ್ಬನೇ ಅಲ್ಲ. ಕಂಪನಿಗಳ ನೆಲದ ಸಾಲು ತೆರವಾದದ್ದು ಹೀಗೆಯೇ. ಮೊದಲ ಪೆಟ್ಟು 1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ವಾಕ್ಚಿತ್ರ ಬಂದಾಗಲೇ ಬಿದ್ದಿತ್ತು, ಅದರಲ್ಲಿ ಹಾಡಿ ನಟಿಸಿದವರೂ ಕಂಪನಿಯವರೇ. ಮತ್ತೆ ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ಸೊರಗಿದವು. ಹರಿಹರದ ಲೇತ್ ಕಾರ್ಖಾನೆಯೂ ಮುಚ್ಚಿತು. ಶನಿವಾರದ ಸಂಬಳವಿಲ್ಲದ ಕಡೆ ಶನಿವಾರದ ಆಟ ಹೇಗೆ ನಡೆಯಬೇಕು? ಇಂದಿಗೂ ಜಾತ್ರೆಯ ಕಾಲದಲ್ಲಿ ಕಂಪನಿಗಳು ಟೆಂಟು ಹಾಕುತ್ತವೆ, ಹಾಸ್ಯದ ಆಟಗಳಿಗೆ ಜನ ಸೇರುತ್ತಾರೆ. ಆದರೆ ಆ ಮೂಲೆಯಲ್ಲಿ ಈಗ ವಿದ್ಯುತ್ತಿನ ಕೀಬೋರ್ಡು, ರಿದಮ್ ಪ್ಯಾಡು, ಸಿನಿಮಾದ ಮಟ್ಟು.

ಮಾವನ ಆಸ್ತಿಯಲ್ಲಿ ನನಗೆ ಉಳಿದದ್ದು ತಗಡಿನ ಡಬ್ಬಿಯೊಂದರಲ್ಲಿ ಅವರು ಮಡಿಸಿಟ್ಟ ನಾಟಕದ ಕರಪತ್ರಗಳು, ಮೂವತ್ತೆಂಟು. ಹಳದಿ, ಗುಲಾಬಿ, ಹಸಿರು ಕಾಗದ. ಕವಿಯ ಹೆಸರಿದೆ, ಮಾಲೀಕರ ಹೆಸರಿದೆ, ನಟನಟಿಯರ ಹೆಸರಿನ ಹಿಂದೆ ಬಿರುದುಗಳಿವೆ, ಪರದೆಗಳ ವೈಭವದ ವರ್ಣನೆಯಿದೆ. ಇತ್ತೀಚೆಗೆ ಒಂದು ರಾತ್ರಿ ಕೂತು ಎಲ್ಲವನ್ನೂ ಓದಿದೆ. ಪೇಟಿ ಮಾಸ್ತರರ ಹೆಸರು ಒಂದರಲ್ಲಿಯೂ ಇಲ್ಲ. ನಾಲ್ಕು ಕಾಗದಗಳ ಅಂಚಿನಲ್ಲಿ ಮಾತ್ರ ಮಾವನ ಸೀಸದಕಡ್ಡಿಯ ಬರಹ: ‘ಪೇಟಿ ಛಲೋ’.

ನಮ್ಮೂರ ಸಂಗೀತದ ಚರಿತ್ರೆಗೆ ಸದ್ಯಕ್ಕೆ ಇದೊಂದೇ ಲಿಖಿತ ವಿಮರ್ಶೆ ನನ್ನ ಬಳಿ ಇರುವುದು.

ಈಗ ಸರ್ಕಾರ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣವನ್ನು ಕೊಂಡಜ್ಜಿಯಲ್ಲಿ, ನಮ್ಮ ಎರಡು ಊರುಗಳ ಮಗ್ಗುಲಲ್ಲೇ, ನೆಲೆಗೊಳಿಸಿದೆ. ಸಂತೋಷದ ಸಂಗತಿ. ಅಲ್ಲಿ ಹಳೆಯ ನಾಟಕಗಳು ಮತ್ತೆ ಎದ್ದು ನಿಲ್ಲಲಿ. ಆದರೆ ಹೆಸರುಗಳನ್ನು ಹುಡುಕುವ ಕೆಲಸ ಸರ್ಕಾರದ್ದಲ್ಲ, ನಮ್ಮದು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ, ಅವರು ನೆಲದ ಟಿಕೆಟ್ಟಿನಲ್ಲಿ ಕೂತು ಆಟ ನೋಡಿದವರಾಗಿದ್ದರೆ, ಇಂದು ಊಟವಾದ ಮೇಲೆ ಒಂದು ಮಾತು ಕೇಳಿ: ಪೇಟಿ ಯಾರು ನುಡಿಸುತ್ತಿದ್ದರು, ತಬಲಾ ಯಾರದು? ಹೇಳಿದ್ದನ್ನು ಬರೆದಿಡಿ. ಬರೆಯುವ ಕಾಗದ ಯಾವುದಾದರೂ ಆದೀತು. ನಾನು ಕೇಳಬಹುದಾಗಿದ್ದಾಗ ಕೇಳಲಿಲ್ಲ.