ಹುಲಿಯನ್ನು ಕಟ್ಟಿದ ಕುರಿಗಳು: ತಾಳಿಕೋಟೆಗೆ ಮೊದಲು, ತಾಳಿಕೋಟೆಯ ನಂತರ

ಹೋದ ತಿಂಗಳು ಊರಿಗೆ ಹೋದಾಗ ಅಕ್ಕನ ಮಗ ಕಟ್ಟೆ ಮೇಲೆ ಕೂತು ಮೊಬೈಲಿನಲ್ಲಿ ಮುಳುಗಿದ್ದ. ಪಿಯುಸಿ ಓದುವ ಹುಡುಗ. ಆಡುತ್ತಿದ್ದದ್ದು ಗುಂಡು ಹಾರಿಸುವ ಆಟವಲ್ಲ, ಸಾಮ್ರಾಜ್ಯ ಕಟ್ಟುವ ಆಟ. ಸರದಿ ಬಂದಾಗ ಒಂದು ನಡೆ ನಡೆಸಬೇಕು. ಊರು ಕಟ್ಟಬಹುದು, ಸೈನ್ಯ ಸೇರಿಸಬಹುದು, ಪಕ್ಕದ ರಾಜನ ಜೊತೆ ಒಪ್ಪಂದ ಮಾಡಿಕೊಳ್ಳಬಹುದು, ಇಲ್ಲವೇ ಅವನ ಕೋಟೆಗೇ ನುಗ್ಗಬಹುದು. ಆಮೇಲೆ ಎದುರಾಳಿಗಳ ಸರದಿ. 1991ರಲ್ಲಿ ಕಂಪ್ಯೂಟರಿಗೆ ಬಂದ ‘ಸಿವಿಲೈಸೇಶನ್’ ಇಂಥ ಆಟಗಳಲ್ಲಿ ತುಂಬ ಹೆಸರು ಮಾಡಿದ್ದು. ಈಗ ಈ ಬಗೆಯವು ಮೊಬೈಲಿಗೂ ಬಂದಿವೆ.

ಹುಡುಗ ನಕ್ಷೆಯ ಅರ್ಧದಷ್ಟು ಗೆದ್ದಿದ್ದ. ಇದ್ದಕ್ಕಿದ್ದಂತೆ ಮುಖ ಸಪ್ಪಗಾಯಿತು.

“ಮಾಮ, ಎಲ್ಲರೂ ಸೇರಿ ನನ್ನ ಮೇಲೆ ಬಿದ್ರು. ಅದ್ರಲ್ಲಿ ಒಬ್ಬ ನನ್ನ ಕಡೆಯವನೇ ಆಗಿದ್ದ” ಅಂದ.

ನನಗೆ ನೆನಪಾದದ್ದು ಅಳಿಯ ರಾಮರಾಯ. 460 ವರ್ಷಗಳ ಹಿಂದೆ ಕೃಷ್ಣಾ ನದಿಯ ದಡದಲ್ಲಿ ಅವನಿಗೆ ಆದದ್ದೂ ಇದೇ.

ತಾಳಿಕೋಟೆ ಯುದ್ಧದ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುವ ಕಥೆ ನೀವೂ ಓದಿರುತ್ತೀರಿ. ಒಂದು ಕಡೆ ಒಂದು ಧರ್ಮ, ಇನ್ನೊಂದು ಕಡೆ ಇನ್ನೊಂದು ಧರ್ಮ, ಕೊನೆಗೆ ಹಂಪಿ ಹಾಳಾಯಿತು ಎಂದು ಎರಡೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಯುದ್ಧಕ್ಕೆ ಮೊದಲಿನ ಇಪ್ಪತ್ತು ವರ್ಷ ಯಾರು ಯಾರ ಜೊತೆಗಿದ್ದರು ಎಂದು ನೋಡಿದರೆ ಈ ಕಥೆ ನಿಲ್ಲುವುದಿಲ್ಲ.

ಇದನ್ನು ಹುಡುಗನಿಗೆ ಹೇಳಲು ನಾನು ಇನ್ನೊಂದು ಆಟ ಹಿಡಿದೆ. ನಮ್ಮ ಅಜ್ಜಿ ಸುಣ್ಣದಲ್ಲಿ ಗೆರೆ ಎಳೆದು ಆಡಿಸುತ್ತಿದ್ದ ಆಡು-ಹುಲಿ ಆಟ. ಕೆಲವು ಕಡೆ ಹುಲಿ-ಕುರಿ ಅಂತಾರೆ. ಹಂಪಿಯ ಮಂಟಪಗಳಲ್ಲಿ ನೆಲದ ಕಲ್ಲು ಚಪ್ಪಡಿ ನೋಡುತ್ತ ನಡೆದರೆ ಇಂಥ ಆಟಗಳ ಗೆರೆಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ.

ಹುಲಿ ಮೂರು, ಕುರಿ ಹದಿನೈದು. ಪಕ್ಕದ ಕುರಿಯ ಹಿಂದಿನ ಜಾಗ ಖಾಲಿ ಇದ್ದರೆ ಹುಲಿ ಅದರ ಮೇಲೆ ಹಾರಿ ಕಾಯಿ ಹೊಡೆಯುತ್ತದೆ. ಕುರಿಯ ಹಿಂದೆ ಇನ್ನೊಂದು ಕುರಿ ನಿಂತಿದ್ದರೆ ಹಾರಲು ಆಗುವುದಿಲ್ಲ. ಹುಲಿ ಅಲುಗದಂತೆ ಸುತ್ತುಗಟ್ಟಿದರೆ ಕುರಿಗಳು ಗೆದ್ದಂತೆ.

ಈಗ ದಖ್ಖನ್ನಿನ ನಕ್ಷೆ ನೋಡೋಣ. ತುಂಗಭದ್ರೆಯ ದಡದಲ್ಲಿ ವಿಜಯನಗರ. ಉತ್ತರದಲ್ಲಿ ಬಹಮನಿ ರಾಜ್ಯ ಒಡೆದು ಹುಟ್ಟಿದ ಐದು ರಾಜ್ಯಗಳು: ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್, ಬೀರಾರ್. ಐದಕ್ಕೂ ಸುಲ್ತಾನರೇ ಇದ್ದರೂ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಸೊಲ್ಲಾಪುರಕ್ಕಾಗಿ, ಕಲ್ಯಾಣಕ್ಕಾಗಿ ಅವರವರೇ ಹೊಡೆದಾಡುತ್ತಿದ್ದರು.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಅವನ ಅಳಿಯ ರಾಮರಾಯ 1540ರ ದಶಕದ ಆರಂಭದಲ್ಲಿ ಸದಾಶಿವರಾಯನನ್ನು ಸಿಂಹಾಸನದಲ್ಲಿ ಕೂರಿಸಿ, ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಉತ್ತರದ ರಾಜ್ಯಗಳು ಒಂದಾಗದಂತೆ ನೋಡಿಕೊಂಡರೆ ತನಗೆ ಭಯವಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುರಿಯ ಹಿಂದಿನ ಜಾಗ ಖಾಲಿ ಇರಬೇಕು, ಅಷ್ಟೆ.

ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಅಣ್ಣನ ಭಯಕ್ಕೆ ಓಡಿಬಂದಾಗ ರಾಮರಾಯ ಅವನಿಗೆ ಆಶ್ರಯ ಕೊಟ್ಟ. 1543ರಿಂದ ಏಳು ವರ್ಷ ಇಬ್ರಾಹಿಂ ವಿಜಯನಗರದಲ್ಲೇ ಇದ್ದ. ತೆಲುಗಿನ ರುಚಿ ಹತ್ತಿಸಿಕೊಂಡು, ಮುಂದೆ ತೆಲುಗು ಕವಿಗಳಿಗೆ ಪೋಷಕನೂ ಆದ. 1550ರಲ್ಲಿ ಹಿಂದಿರುಗಿ ಗೋಲ್ಕೊಂಡದ ಸುಲ್ತಾನನಾದ.

ಬಿಜಾಪುರದಲ್ಲಿ ಒಂದನೇ ಅಲಿ ಆದಿಲ್ ಶಾ ಪಟ್ಟಕ್ಕೆ ಬಂದಾಗಲೂ ಹೀಗೇ ಆಯಿತು. ಅಹಮದ್‌ನಗರದ ಹುಸೇನ್ ನಿಜಾಮ್ ಶಾನನ್ನು ಮಣಿಸಲು ಅಲಿಗೆ ಬಲ ಬೇಕಿತ್ತು. ರಾಮರಾಯನ ಮಗ ತೀರಿಕೊಂಡಿದ್ದ. ಅಲಿ ತಾನೇ ವಿಜಯನಗರಕ್ಕೆ ಹೋಗಿ ದುಃಖದಲ್ಲಿ ಪಾಲ್ಗೊಂಡ. ರಾಮರಾಯನ ಹೆಂಡತಿ ಅಲಿಯನ್ನು ಮಗನೆಂದೇ ಕರೆದಳು ಎಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

ಬಿಜಾಪುರ, ಗೋಲ್ಕೊಂಡ, ವಿಜಯನಗರ ಮೂರೂ ಸೇರಿ ಅಹಮದ್‌ನಗರದ ಮೇಲೆ ಏರಿಹೋದವು. ಸೋತ ಹುಸೇನ್ ಕಲ್ಯಾಣದ ಕೋಟೆಯನ್ನು ಬಿಜಾಪುರಕ್ಕೆ ಬಿಟ್ಟುಕೊಟ್ಟ. ಅಂದರೆ ಸುಲ್ತಾನನ ಮೇಲೆ ಸುಲ್ತಾನ, ಅವನ ಬೆನ್ನಿಗೆ ವಿಜಯನಗರ. ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು, ಬಿಜಾಪುರದ ಸೈನ್ಯದಲ್ಲಿ ಮರಾಠರಿದ್ದರು. ಧರ್ಮದ ಮಾತು ಇರಲೇ ಇಲ್ಲ ಅಂತಲ್ಲ. ಯುದ್ಧಕ್ಕೆ ಜನ ಸೇರಿಸುವಾಗ ಅದೂ ಬರುತ್ತಿತ್ತು. ಆದರೆ ಯಾರ ಪಕ್ಕ ಯಾರು ನಿಲ್ಲಬೇಕು ಎಂಬುದನ್ನು ಕೋಟೆ, ಕಂದಾಯ ಮತ್ತು ನೆರೆಯವರ ಭಯ ತೀರ್ಮಾನಿಸುತ್ತಿದ್ದವು.

ಹಾಗಾದರೆ ಇಷ್ಟು ಚೆನ್ನಾಗಿ ಆಡಿದವನು ಸೋತದ್ದು ಹೇಗೆ?

ಪ್ರತಿ ಸರದಿಯಲ್ಲೂ ಗೆದ್ದೇ ಸೋತ.

ಹುಸೇನ್ ಶರಣಾದಾಗ ರಾಮರಾಯನ ಬಳಿಗೆ ಬಂದು ಅವನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕೆಂಬ ಷರತ್ತು ಇತ್ತು ಎಂದು ಆ ಕಾಲದ ಬರಹಗಳು ಹೇಳುತ್ತವೆ. ಕೋಟೆ ಕಳೆದುಕೊಂಡದ್ದನ್ನು ರಾಜ ಮರೆತಾನು, ನಾಲ್ಕು ಜನರ ಮುಂದೆ ತಲೆ ತಗ್ಗಿಸಿದ್ದನ್ನು ಮರೆಯಲಾರ. ಮುಂದೆ ಗೋಲ್ಕೊಂಡದ ಇಬ್ರಾಹಿಂ ಹುಸೇನನ ಕಡೆ ವಾಲಿದ. ಏಳು ವರ್ಷ ಅನ್ನ ಹಾಕಿದ ಮನೆ ಎಂಬ ಋಣ ಅವನಿಗೆ ಇದ್ದಿರಬಹುದು. ಆದರೆ ಮುಂದಿನ ಸರದಿ ತನ್ನದೇ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಆ ಭಯ ನಿಜವೂ ಆಯಿತು. ಪಾನಗಲ್ಲಿನಂಥ ಕೋಟೆಗಳು ಗೋಲ್ಕೊಂಡದ ಕೈ ತಪ್ಪಿದವು. ಕೊನೆಗೆ ಮಿತ್ರನಾದ ಬಿಜಾಪುರದ ಗಡಿ ಪ್ರದೇಶಗಳನ್ನೂ ರಾಮರಾಯ ಬಿಡಲಿಲ್ಲ.

ಇಲ್ಲಿ ನಿಂತು ನಕ್ಷೆಯನ್ನು ಮತ್ತೆ ನೋಡಿ. ರಾಮರಾಯ ಉಳಿದರೆ ತನಗೆ ಲಾಭ ಅನ್ನುವವರು ಉತ್ತರದಲ್ಲಿ ಒಬ್ಬರೂ ಉಳಿದಿರಲಿಲ್ಲ. ನಾಲ್ಕು ಜನ ಬೇರೆ ಬೇರೆ ಇರುವಂತೆ ನೋಡಿಕೊಂಡವನು, ಆ ನಾಲ್ವರಿಗೂ ಒಂದೇ ಶತ್ರುವಾಗಿಬಿಟ್ಟಿದ್ದ.

ಕುರಿಗಳು ಒಂದರ ಹಿಂದೆ ಒಂದು ನಿಲ್ಲತೊಡಗಿದವು. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟರು. ದಶಕಗಳಿಂದ ಜಗಳದ ಮೂಲವಾಗಿದ್ದ ಸೊಲ್ಲಾಪುರದ ಕೋಟೆ ಮದುವೆಯ ಉಡುಗೊರೆಯಾಯಿತು. ಅಲಿಯ ತಂಗಿಯನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟರು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಂದಾದವು. ಬೀರಾರ್ ಮಾತ್ರ ಬರಲಿಲ್ಲ, ಅದಕ್ಕೆ ಅಹಮದ್‌ನಗರದ ಮೇಲಿನ ಸಿಟ್ಟು ಇಳಿದಿರಲಿಲ್ಲ. ಧರ್ಮವೊಂದೇ ಕಾರಣವಾಗಿದ್ದರೆ ಅದೂ ಬರಬೇಕಿತ್ತಲ್ಲವೇ?

ರಾಯಚೂರು, ಮುದಗಲ್ಲು ಕೋಟೆಗಳನ್ನು ಹಿಂದಕ್ಕೆ ಕೊಡಿ ಎಂದು ಅಲಿ ದೂತನನ್ನು ಕಳಿಸಿದ. ರಾಮರಾಯ ದೂತನನ್ನು ಹೊರಗಟ್ಟಿದ. 1565ರ ಜನವರಿ 23ರಂದು ಕೃಷ್ಣೆಯ ದಕ್ಷಿಣಕ್ಕೆ, ಇಂದಿನ ವಿಜಯಪುರ ಜಿಲ್ಲೆಯ ತಾಳಿಕೋಟೆಯಿಂದ ಸ್ವಲ್ಪ ದೂರದಲ್ಲಿ ಕದನ ನಡೆಯಿತು. ರಕ್ಕಸಗಿ-ತಂಗಡಗಿ ಯುದ್ಧ ಅಂತಲೂ ಕರೆಯುವುದು ಇದನ್ನೇ. ಇಳಿವಯಸ್ಸಿನ ರಾಮರಾಯ ತಾನೇ ರಣರಂಗಕ್ಕೆ ಬಂದಿದ್ದ. ಸೆರೆಸಿಕ್ಕ. ವೀಳ್ಯ ತೆಗೆದುಕೊಂಡಿದ್ದ ಹುಸೇನ್ ಅವನ ತಲೆ ತೆಗೆಸಿದ.

ರಾಮರಾಯನ ತಮ್ಮ ತಿರುಮಲ ಪೆನುಕೊಂಡೆಗೆ ಹೋದ. ರಾಜಧಾನಿಯ ಲೂಟಿ ತಿಂಗಳುಗಟ್ಟಲೆ ನಡೆಯಿತು. ಆ ಊರು ಮತ್ತೆ ರಾಜಧಾನಿಯಾಗಿ ಏಳಲಿಲ್ಲ. ಒಬ್ಬ ರಾಜನ ಲೆಕ್ಕ ತಪ್ಪಿದ್ದಕ್ಕೆ ಬೆಲೆ ತೆತ್ತವರು ಅಂಗಡಿ ಬೀದಿಯವರು, ನೇಕಾರರು, ಗಾಡಿ ಹೊಡೆಯುವವರು, ಸುತ್ತಲಿನ ಹಳ್ಳಿಗಳಿಂದ ತರಕಾರಿ ತರುತ್ತಿದ್ದವರು.

“ಹಂಗಾದ್ರೆ ಕುರಿಗಳು ಗೆದ್ದವು, ಆಟ ಮುಗೀತು” ಅಂದ ಹುಡುಗ.

ಕಟ್ಟೆ ಮೇಲಿನ ಆಟ ಅಲ್ಲಿಗೆ ಮುಗಿಯುತ್ತದೆ. ಚರಿತ್ರೆಯಲ್ಲಿ ಮುಂದಿನ ಸರದಿಯೂ ಇರುತ್ತದೆ. ಹುಲಿ ಹೋದ ಮೇಲೆ ಕುರಿಗಳಿಗೆ ಒಟ್ಟಿಗೆ ನಿಲ್ಲಲು ಕಾರಣವೇ ಉಳಿಯಲಿಲ್ಲ. ಹುಸೇನ್ ಅದೇ ವರ್ಷ ತೀರಿಕೊಂಡ. ಬಿಜಾಪುರ, ಅಹಮದ್‌ನಗರ ಮತ್ತೆ ಕಿತ್ತಾಡಿದವು. 1574ರಲ್ಲಿ ಅಹಮದ್‌ನಗರ ಬೀರಾರನ್ನು ನುಂಗಿತು. 1619ರಲ್ಲಿ ಬಿಜಾಪುರ ಬೀದರನ್ನು ನುಂಗಿತು. ಪ್ರತಿಯೊಂದು ಕುರಿಗೂ ತಾನೇ ಹುಲಿ ಅನ್ನಿಸಿತ್ತು.

ಅಷ್ಟರಲ್ಲಿ ಉತ್ತರದಿಂದ ಮೊಘಲರು ಇಳಿದರು. 1595ರಲ್ಲಿ ಅವರು ಅಹಮದ್‌ನಗರದ ಕೋಟೆಗೆ ಮುತ್ತಿಗೆ ಹಾಕಿದಾಗ ಎದುರು ನಿಂತವಳು ಅದೇ ಚಾಂದ್ ಬೀಬಿ, ನಾಲ್ಕು ರಾಜ್ಯಗಳ ಒಗ್ಗಟ್ಟಿಗಾಗಿ ಮದುವೆಯಾಗಿ ಹೋಗಿದ್ದ ಹುಡುಗಿ. ಆ ಸಲ ಕೋಟೆ ಉಳಿಸಿದಳು. 1600ರಲ್ಲಿ ಎರಡನೇ ಮುತ್ತಿಗೆಯ ಹೊತ್ತಿಗೆ, ಅವಳು ಶತ್ರುವಿನ ಜೊತೆ ಕೈಜೋಡಿಸಿದ್ದಾಳೆಂದು ನಂಬಿದ ತನ್ನ ಕಡೆಯವರೇ ಅವಳನ್ನು ಕೊಂದರು. 1636ಕ್ಕೆ ಅಹಮದ್‌ನಗರ ರಾಜ್ಯ ಮುಗಿಯಿತು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ಕೈಸೇರಿದವು. ಅಲ್ಲಿಯೂ ಸುಲ್ತಾನನ ಮೇಲೆ ಬಂದವನು ಬಾದಶಹನೇ.

ಹುಡುಗ ಮೊಬೈಲ್ ಪಕ್ಕಕ್ಕಿಟ್ಟ. “ಹಂಗಾದ್ರೆ ರಾಮರಾಯ ಏನು ಮಾಡ್ಬೇಕಿತ್ತು ಮಾಮ?”

“ಒಬ್ಬನನ್ನಾದರೂ ನಿಜವಾಗಿ ಜೊತೆಗೆ ಇಟ್ಕೋಬೇಕಿತ್ತು ಕಣೋ. ಕಲ್ಯಾಣ ಗೆದ್ದ ದಿನ ಅಲಿ ಅವನ ಪಕ್ಕದಲ್ಲೇ ಇದ್ದ.”

ಅವನು ಮತ್ತೆ ಮೊಬೈಲ್ ಎತ್ತಿಕೊಂಡು ಹೊಸ ಆಟ ಶುರು ಮಾಡಿದ. ಮೂರನೇ ಸರದಿಗೆ ಪಕ್ಕದ ರಾಜನ ಊರೊಂದು ಕಾವಲಿಲ್ಲದೆ ಸಿಕ್ಕಿತು. ಬೆರಳು ಅಲ್ಲಿಗೆ ಹೋಯಿತು, ಒಂದು ಕ್ಷಣ ನಿಂತಿತು.

ಆಮೇಲೆ ಒತ್ತಿಯೇಬಿಟ್ಟ.