ಯಂತ್ರದ ಜಾತಕ ಬರೆದವರು

ಕಾನ್ರಾಡ್ ಹಾಲ್ ವ್ಯಾಡಿಂಗ್ಟನ್ ಯಂತ್ರಗಳ ಮನುಷ್ಯರಲ್ಲ. ಕೋಳಿಮೊಟ್ಟೆಯೊಳಗಿನ ಭ್ರೂಣ ಹೇಗೆ ಬೆಳೆಯುತ್ತದೆ ಎಂದು ತಲೆಕೆಡಿಸಿಕೊಂಡಿದ್ದ ಬ್ರಿಟಿಷ್ ಜೀವವಿಜ್ಞಾನಿ. ಎರಡನೇ ಮಹಾಯುದ್ಧ ಅವರನ್ನು ಪ್ರಯೋಗಾಲಯದಿಂದ ಎಬ್ಬಿಸಿ ಬ್ರಿಟನ್ನಿನ ವಾಯುಪಡೆಯ ಕೋಸ್ಟಲ್ ಕಮಾಂಡಿಗೆ ತಂದು ಕೂರಿಸಿತು. ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕುತ್ತ ಅಟ್ಲಾಂಟಿಕ್ ಮೇಲೆ ಹಾರಬೇಕಿದ್ದ ಲಿಬರೇಟರ್ ವಿಮಾನಗಳು ರಿಪೇರಿಗೆಂದು ನೆಲದ ಮೇಲೆಯೇ ದಿನ ಕಳೆಯುತ್ತಿದ್ದವು. ಯಾಕೆ ಹೀಗೆ ಎಂದು ಲೆಕ್ಕ ಹಾಕಿ ಹೇಳುವುದು ಅವರಿಗೂ ಅವರ ಜೊತೆಯವರಿಗೂ ಬಂದ ಕೆಲಸ.

ಹಾರಾಟ 50 ಗಂಟೆ ತುಂಬಿದಾಗಲೆಲ್ಲ ವಿಮಾನವನ್ನು ಬಿಚ್ಚಿ ತಪಾಸಣೆ ಮಾಡಬೇಕೆಂಬುದು ಅಲ್ಲಿನ ನಿಯಮ. ತಪಾಸಣೆ ಮುಗಿದ ಕೂಡಲೇ ಕೆಡುಕು ಅತಿ ಕಡಿಮೆ ಇರಬೇಕು, ಗಂಟೆಗಳು ಏರಿದಂತೆ ಹೆಚ್ಚುತ್ತ ಹೋಗಬೇಕು. ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ದಾಖಲೆಗಳನ್ನು ಹರವಿಕೊಂಡು ಗೆರೆ ಎಳೆದರೆ ಅದು ತಲೆಕೆಳಗಾಗಿ ಬಂತು. ತಪಾಸಣೆಯ ಬೆನ್ನಿಗೇ ಕೆಡುಕು ಅತಿ ಹೆಚ್ಚು, ಆಮೇಲೆ ಹಾರಿದಷ್ಟೂ ಇಳಿಕೆ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಭಾಗವನ್ನು ನೋಡಲೆಂದು ಬಿಚ್ಚಿದವರೇ ಅದನ್ನು ಕೆಡಿಸಿ ಮುಚ್ಚುತ್ತಿದ್ದರು.

ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರು ಎಂಬ ಗಾದೆಯನ್ನು ಅಂಕಿಅಂಶ ಸಮೇತ ಸಾಬೀತು ಮಾಡಿದ್ದು ಹೀಗೆ. ಯುದ್ಧದ ಗುಟ್ಟಾದ್ದರಿಂದ ಈ ಕಥೆ ಪುಸ್ತಕವಾಗಿ ಹೊರಬಂದದ್ದು 1973ರಲ್ಲಿ.

ಇವತ್ತು ಉಕ್ಕಿನ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ, ವಿದ್ಯುತ್ ಸ್ಥಾವರಗಳಲ್ಲಿ ಯಾವ ಪಂಪನ್ನು ಎಂದು ಬಿಚ್ಚಬೇಕು, ಯಾರು ಬಿಚ್ಚಬೇಕು, ಯಾವ ಬಿಡಿಭಾಗ ಬೇಕು ಎಂದು ಹೇಳುವ ಸಾಫ್ಟ್‌ವೇರಿನ ಬೇರು ಕಂಪ್ಯೂಟರಿಗಿಂತ ಹಿಂದಿನದು. ವ್ಯಾಡಿಂಗ್ಟನ್ನರ ಆ ಗೆರೆ ಎಳೆಯಬೇಕಾದರೆ ಮೊದಲು ಯಾರೋ ಒಬ್ಬರು ಪ್ರತಿ ಸಲವೂ ಬರೆದಿಟ್ಟಿರಬೇಕು: ಯಾವ ದಿನ ಬಿಚ್ಚಿದೆವು, ಒಳಗೆ ಏನಿತ್ತು, ಏನು ಬದಲಾಯಿಸಿದೆವು. ಯಂತ್ರ ಕೆಡುವುದು ಒಂದು ಸಮಸ್ಯೆಯಾದರೆ, ಯಂತ್ರದ ಸುದ್ದಿ ಬೇಕಾದವರ ಕೈಗೆ ಮುಟ್ಟದಿರುವುದು ಅದಕ್ಕಿಂತ ದೊಡ್ಡ ಸಮಸ್ಯೆ. ಈ ಸಾಫ್ಟ್‌ವೇರಿನ ಚರಿತ್ರೆಯಲ್ಲಿ ಹೆಚ್ಚಿನ ಪಾಲು ಎರಡನೆಯದರದ್ದೇ.

ಹಿಂದೆ ಆ ಸುದ್ದಿ ಇರುತ್ತಿದ್ದದ್ದು ಫಿಟ್ಟರನ ಕಿವಿಯಲ್ಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಆಲಿಸಿದರೆ ಒಳಗಿನ ಗುಂಡು ಸವೆದಿದೆಯೇ, ಗ್ರೀಸ್ ಒಣಗಿದೆಯೇ ಎಂದು ಹೇಳುವವರು ಎಲ್ಲ ಕಾರ್ಖಾನೆಗಳಲ್ಲೂ ಇದ್ದರು, ಈಗಲೂ ಇದ್ದಾರೆ. ಅವರು ನಿವೃತ್ತರಾದ ದಿನ ಕಿವಿಯೂ ಮನೆಗೆ ಹೋಗುತ್ತಿತ್ತು. ಹಾಗಾಗಬಾರದೆಂದು ಬಂದದ್ದು ಲಾಗ್ ಬುಕ್ಕು ಮತ್ತು ಒಂದೊಂದು ಯಂತ್ರಕ್ಕೂ ಒಂದೊಂದು ಹಿಸ್ಟರಿ ಕಾರ್ಡು. ಯಂತ್ರ ಬಂದಿಳಿದ ದಿನದಿಂದ ಗುಜರಿಗೆ ಹೋಗುವವರೆಗಿನ ಜಾತಕ ಅದು. ಆದರೆ ಶಿಫ್ಟ್ ಮುಗಿಯುವ ಹೊತ್ತಿಗೆ ಎಣ್ಣೆಗೈಯಲ್ಲಿ ಬರೆಯುವವರು ಎಷ್ಟು ಬರೆದಾರು? ‘ಪಂಪ್ 2 ಸೌಂಡ್. ಗ್ರೀಸ್ ಹಾಕಿದೆ. ಓಕೆ.’ ಎಂಥ ಸೌಂಡು, ಎಷ್ಟು ಗ್ರೀಸು, ಯಾವ ಲೆಕ್ಕದಲ್ಲಿ ಓಕೆ ಎಂಬುದು ಬರೆದವನಿಗೇ ಗೊತ್ತು. ಇನ್ನು ಸಣ್ಣ ವರ್ಕ್‌ಶಾಪುಗಳಿಗೆ ವರ್ಷಕ್ಕೊಮ್ಮೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ತೊಳೆದು, ಒರೆಸಿ ನೋಡುವ ಶಿಸ್ತನ್ನು ಕಲಿಸಿದ್ದು ಯಾವ ಮ್ಯಾನೇಜ್‌ಮೆಂಟ್ ಪುಸ್ತಕವೂ ಅಲ್ಲ, ಆಯುಧಪೂಜೆ.

ಯಂತ್ರ ಒಂದು ಕಡೆ, ಅದನ್ನು ನಂಬಿದವರು ಇನ್ನೊಂದು ಕಡೆ ಆದಾಗ ರಿಜಿಸ್ಟರು ಸಾಲದಾಯಿತು. 1902ರಲ್ಲಿ ಶಿವನಸಮುದ್ರದ ಟರ್ಬೈನುಗಳಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಹರಿಯಿತು. ಕಾವೇರಿ ದಂಡೆಯಲ್ಲಿ ಕೆಟ್ಟ ಯಂತ್ರಕ್ಕೆ ಕೋಲಾರದಲ್ಲಿ ಕೆಲಸ ನಿಲ್ಲುವ ಕಾಲ ಬಂತು.

ವ್ಯಾಡಿಂಗ್ಟನ್ ಕಂಡದ್ದನ್ನು ಶಾಂತಿಕಾಲದಲ್ಲಿ ಮತ್ತೆ ಕಂಡವರು ವಿಮಾನ ಕಂಪನಿಗಳವರು. ಇಷ್ಟು ಗಂಟೆ ಹಾರಿದ ಮೇಲೆ ಪ್ರತಿ ಭಾಗವನ್ನೂ ಕಳಚಿ ಹೊಸದು ಮಾಡಿದರೆ ಅಪಾಯ ತಗ್ಗುತ್ತದೆ ಎಂಬ ನಂಬಿಕೆ 1960ರ ಹೊತ್ತಿಗೆ ಅಲುಗಾಡುತ್ತಿತ್ತು. ಕೆಲವು ಎಂಜಿನ್‌ಗಳನ್ನು ಎಷ್ಟು ಸಲ ಓವರ್‌ಹಾಲ್ ಮಾಡಿದರೂ ಕೆಡುವುದು ನಿಲ್ಲಲಿಲ್ಲ. ಅಮೆರಿಕದ ವಿಮಾನಯಾನ ಇಲಾಖೆಯೂ ಕಂಪನಿಗಳೂ ಕೂಡಿ ಕೂತು ದಾಖಲೆಗಳನ್ನು ಜಾಲಾಡಿದವು. ಅವಧಿ ನೋಡಿ ಎಲ್ಲವನ್ನೂ ಕಳಚುವ ಬದಲು ಅಗತ್ಯವಿದ್ದುದನ್ನಷ್ಟೇ ಕಳಚುವ ಹೊಸ ಕೈಪಿಡಿ ಬೋಯಿಂಗ್ 747ಕ್ಕೆಂದು 1968ರಲ್ಲಿ ಬಂತು. ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೋವರ್ಡ್ ಹೀಪ್ 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಬರೆದುಕೊಟ್ಟ ವರದಿ ಈ ವಿದ್ಯೆಯ ಮೂಲಗ್ರಂಥವಾಯಿತು.

ಆ ವರದಿಯ ಅಂಕಿಗಳು ಈಗಲೂ ಹುಬ್ಬೇರಿಸುತ್ತವೆ. ಹಳೆಯ ಡಿಸಿ-8 ವಿಮಾನದಲ್ಲಿ ಅವಧಿ ಮುಗಿದೊಡನೆ ಕಳಚಲೇಬೇಕಾದ ಭಾಗಗಳು 339. ಹೊಸ ವಿಧಾನದ ಡಿಸಿ-10ರಲ್ಲಿ ಅವು ಬರೀ 7. ಡಿಸಿ-8ರ ದೇಹದ ದೊಡ್ಡ ತಪಾಸಣೆಗಳಿಗೆ, 20,000 ಗಂಟೆಗಳ ಹಾರಾಟದ ಹೊತ್ತಿಗೆ, ಸುಮಾರು 40 ಲಕ್ಷ ಆಳುಗಂಟೆ ಬೇಕಾಗುತ್ತಿತ್ತು. ಅದಕ್ಕಿಂತ ಎಷ್ಟೋ ದೊಡ್ಡದಾದ 747ಕ್ಕೆ ಅಷ್ಟೇ ಹಾರಾಟಕ್ಕೆ 66,000 ಸಾಕಾಯಿತು. ವಯಸ್ಸಾದಂತೆ ಕೆಡುವ ಸಂಭವ ಏರುವ ಭಾಗಗಳು ನೂರಕ್ಕೆ 11 ಮಾತ್ರ. ನೂರಕ್ಕೆ 68 ಭಾಗಗಳಿಗೆ ಗಂಡಾಂತರ ಇದ್ದದ್ದು ಬಾಲ್ಯದಲ್ಲಿ, ಅಂದರೆ ಜೋಡಿಸಿದ ಹೊಸತರಲ್ಲಿ. ಬಾಲಗ್ರಹ ದಾಟಿದ ಮೇಲೆ ಅವು ಗಟ್ಟಿ.

ಇಷ್ಟು ಹೇಳಲು ಸಾವಿರಾರು ಭಾಗಗಳ ಜಾತಕ ಒಂದೇ ಕಡೆ ಇರಬೇಕು. ಕಾರ್ಖಾನೆಗಳಲ್ಲಿ ಅದಕ್ಕೆ ಮೊದಲು ನೆರವಾದದ್ದು ಕೋಣೆ ತುಂಬುವ ಮೇನ್‌ಫ್ರೇಮ್ ಕಂಪ್ಯೂಟರು ಮತ್ತು ತೂತು ಹೊಡೆದ ಕಾರ್ಡುಗಳು. ಈ ವಾರ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಅದು ಉದ್ದನೆಯ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಿತ್ತು. 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಕಟ್ಟಿದ ಸ್ಯಾಪ್ ಕಂಪನಿ ಲೆಕ್ಕಪತ್ರ, ಸ್ಟೋರ್ಸ್‌ಗಳ ಜೊತೆಗೆ ಯಂತ್ರಗಳ ನಿರ್ವಹಣೆಯನ್ನೂ ಒಂದೇ ತಂತ್ರಾಂಶದೊಳಗೆ ತಂದಿತು. ಅದರ ಆರ್/3 ಆವೃತ್ತಿ 1992ರಲ್ಲಿ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲಿ ಹುಟ್ಟಿದ್ದ ಸಣ್ಣ ಕಂಪನಿಯೊಂದು 1985ರಲ್ಲಿ ನಿರ್ವಹಣೆಗೆಂದೇ ಮ್ಯಾಕ್ಸಿಮೊ ಎಂಬುದನ್ನು ತಂದಿತು. 2006ರಲ್ಲಿ ಅದನ್ನು ಕೊಂಡದ್ದು ಅದೇ ಐಬಿಎಂ.

ಒಳಗಿನ ವ್ಯವಸ್ಥೆ ಸರಳ. ಸ್ಥಾವರದ ಪ್ರತಿ ಪಂಪು, ಮೋಟರು, ವಾಲ್ವಿಗೆ ಒಂದು ನಂಬರು. ಅದು ಯಾವ ಪೈಪಿನ ಸಾಲಿನಲ್ಲಿದೆ, ಯಾವ ವಿಭಾಗದಲ್ಲಿದೆ ಎಂಬ ವಂಶವೃಕ್ಷ. ಆಪರೇಟರ್ ‘ಪಂಪ್ ಸೋರುತ್ತಿದೆ’ ಎಂದು ಬರೆದರೆ ಅದೊಂದು ನೋಟಿಫಿಕೇಶನ್. ಎಂಜಿನಿಯರ್ ಒಪ್ಪಿದರೆ ವರ್ಕ್ ಆರ್ಡರ್. ಅದರ ಜೊತೆಗೇ ಯಾವ ಸೀಲು ಬೇಕು, ಸ್ಟೋರ್ಸ್‌ನಲ್ಲಿ ಇದೆಯೇ, ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಖರ್ಚು ಎಲ್ಲವೂ ಕಾಣುತ್ತದೆ. ಕೆಲಸ ಮುಗಿದ ಮೇಲೆ ಏನು ಕೆಟ್ಟಿತ್ತು ಎಂದು ಬರೆದು ಮುಚ್ಚಬೇಕು. ಮುಖ್ಯವಾದ ಪಂಪುಗಳು ಸಾಮಾನ್ಯವಾಗಿ ಅವಳಿ: ‘ಎ’ ಓಡುತ್ತಿದ್ದರೆ ‘ಬಿ’ ಕಾದಿರುತ್ತದೆ.

ಅಂಥ ಒಂದು ಅವಳಿಯ ಕಥೆ 1988ರ ಜುಲೈ 6ರದ್ದು. ಸ್ಕಾಟ್ಲೆಂಡಿನ ಆಬರ್ಡೀನ್ ಆಚೆ ಉತ್ತರ ಸಮುದ್ರದಲ್ಲಿ ನಿಂತಿದ್ದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ. ಅನಿಲದ್ರವ ತಳ್ಳುವ ‘ಎ’ ಪಂಪನ್ನು ದೊಡ್ಡ ಓವರ್‌ಹಾಲಿಗೆಂದು ನಿಲ್ಲಿಸಿದ್ದರು. ಅದಕ್ಕೊಂದು ಪರ್ಮಿಟ್ಟು, ಅಂದರೆ ಕೆಲಸದ ಅನುಮತಿ ಹಾಳೆ. ಆ ಕೆಲಸ ಇನ್ನೂ ಶುರುವಾಗಿರಲಿಲ್ಲ. ಅದೇ ಪಂಪಿನ ಸುರಕ್ಷಾ ವಾಲ್ವನ್ನು ಪರೀಕ್ಷೆಗೆಂದು ಬೇರೆ ತಂಡದವರು ಕಳಚಿದ್ದರು. ಅದಕ್ಕೆ ಇನ್ನೊಂದು ಪರ್ಮಿಟ್ಟು. ಸಂಜೆಯೊಳಗೆ ವಾಲ್ವು ಮತ್ತೆ ಕೂರಲಿಲ್ಲ. ತೆರೆದ ಬಾಯಿಗೆ ಒಂದು ಕಬ್ಬಿಣದ ಮುಚ್ಚಳ ಜೋಡಿಸಿ ಕೆಲಸ ನಿಲ್ಲಿಸಿದರು. ವಾಲ್ವು ಇದ್ದದ್ದು ಪಂಪಿಗಿಂತ ಎತ್ತರದಲ್ಲಿ, ಪಂಪಿನ ಬಳಿ ನಿಂತವರಿಗೆ ಕಾಣದ ಜಾಗದಲ್ಲಿ. ಅರ್ಧಕ್ಕೆ ನಿಂತ ಕೆಲಸಗಳ ಪರ್ಮಿಟ್ಟುಗಳು ಇರುತ್ತಿದ್ದದ್ದು ಕಂಟ್ರೋಲ್ ರೂಮಿನಲ್ಲಲ್ಲ, ಸುರಕ್ಷತಾ ಕಚೇರಿಯಲ್ಲಿ. ಶಿಫ್ಟ್ ಬದಲಾಗುವಾಗ ವಾಲ್ವಿನ ಮಾತು ಬರಲಿಲ್ಲ.

ರಾತ್ರಿ ಸುಮಾರು ಒಂಬತ್ತೂಮುಕ್ಕಾಲಿಗೆ ‘ಬಿ’ ಪಂಪು ನಿಂತಿತು, ಮತ್ತೆ ಚಾಲೂ ಆಗಲಿಲ್ಲ. ರಾತ್ರಿಪಾಳಿಯವರ ಗಮನದಲ್ಲಿದ್ದದ್ದು ಓವರ್‌ಹಾಲಿನ ಪರ್ಮಿಟ್ಟು ಒಂದೇ. ಬಿಚ್ಚಿಲ್ಲವಲ್ಲ, ‘ಎ’ ಓಡಿಸಬಹುದು ಎಂದುಕೊಂಡರು. ಅನಿಲ ಮುಚ್ಚಳದ ಸಂದಿನಿಂದ ಸೋರಿ ಹತ್ತು ಗಂಟೆಯ ಹೊತ್ತಿಗೆ ಮೊದಲ ಸ್ಫೋಟವಾಯಿತು. ಸತ್ತವರು 167, ಬದುಕಿದವರು 61. ಲಾರ್ಡ್ ಕಲೆನ್ ಅವರ ವಿಚಾರಣಾ ವರದಿ 1990ರಲ್ಲಿ 106 ಶಿಫಾರಸುಗಳೊಂದಿಗೆ ಬಂತು. ಎರಡು ಹಾಳೆಗಳು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇದ್ದಿದ್ದರೆ ಎಂದು ಆ ವರದಿ ಓದಿದ ಯಾರಿಗಾದರೂ ಅನ್ನಿಸದಿರದು.

ಹಾಳೆಯ ದೋಷ ಇದೊಂದೇ ಅಲ್ಲ. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ತುರ್ತು ನೀರಿನ ಎರಡು ವಾಲ್ವುಗಳು ಮುಚ್ಚಿಯೇ ಇದ್ದವು. ಅದನ್ನು ತೋರಿಸುವ ದೀಪಗಳಲ್ಲಿ ಒಂದನ್ನು ಮರೆಮಾಡಿ ನೇತಾಡುತ್ತಿದ್ದದ್ದು ನಿರ್ವಹಣೆಯವರೇ ಕಟ್ಟಿದ್ದ ಹಳದಿ ಚೀಟಿ. 1984ರ ಡಿಸೆಂಬರಿನ ಭೋಪಾಲ್ ರಾತ್ರಿಯಲ್ಲಿ ವಿಷಾನಿಲ ಸುಟ್ಟುಹಾಕಬೇಕಿದ್ದ ಫ್ಲೇರ್ ಟವರಿನ ಪೈಪಿನ ಒಂದು ತುಂಡು ತುಕ್ಕು ಹಿಡಿದಿದೆಯೆಂದು ತೆಗೆದಿಟ್ಟ ಸ್ಥಿತಿಯಲ್ಲೇ ಇತ್ತು. ಭೋಪಾಲದಲ್ಲಿ ಕೊರತೆ ಇದ್ದದ್ದು ಸುದ್ದಿಗಲ್ಲ, ಕಾಳಜಿಗೆ. ಅದಕ್ಕೆ ಯಾವ ಸಾಫ್ಟ್‌ವೇರೂ ಮದ್ದಲ್ಲ.

ಆದರೆ ಪೈಪರ್ ಆಲ್ಫಾದ ಗಂಟನ್ನು ಕಂಪ್ಯೂಟರು ಬಿಡಿಸಬಲ್ಲದು. ಒಂದೇ ನಂಬರಿನ ಪಂಪಿನ ಮೇಲೆ ಎರಡು ಪರ್ಮಿಟ್ಟುಗಳಿದ್ದರೆ ಎರಡೂ ಒಂದೇ ಪರದೆಯಲ್ಲಿ ಮೇಲೇಳುತ್ತವೆ. ಒಂದು ತೆರೆದಿದ್ದರೂ ಪಂಪು ಸಿದ್ಧ ಎಂದು ತೋರಿಸದಂತೆ ಬೀಗ ಹಾಕಬಹುದು. ಪರ್ಮಿಟ್ಟನ್ನೂ ವರ್ಕ್ ಆರ್ಡರನ್ನೂ ಹೀಗೆ ಒಂದಕ್ಕೊಂದು ಗಂಟು ಹಾಕುವುದು ಈಗ ದೊಡ್ಡ ಸ್ಥಾವರಗಳಲ್ಲಿ ವಾಡಿಕೆ.

ಸಾಫ್ಟ್‌ವೇರು ಬಂದಾಗ ಹಳೆಯ ಚಾಳಿಗಳೂ ಜೊತೆಗೆ ಬಂದವು. ಪೆನ್ನಿನ ‘ಓಕೆ’ ಹೋಗಿ, ಏನು ಕೆಟ್ಟಿತ್ತು ಎಂಬ ಪಟ್ಟಿಯಲ್ಲಿ ‘ಇತರೆ’ ಒತ್ತುವುದು ಬಂತು. ತಿಂಗಳ ಕೊನೆಯಲ್ಲಿ ಬಾಕಿ ಕಾಣಬಾರದೆಂದು ವರ್ಕ್ ಆರ್ಡರುಗಳನ್ನು ಸಾಲಾಗಿ ಮುಚ್ಚುವುದೂ ಬಂತು. ಸ್ಟೋರ್ಸಿನದು ಬೇರೆಯೇ ಪುರಾಣ. 6205 ಎಂಬ ಬೇರಿಂಗ್ ತೀರ ಸಾಮಾನ್ಯವಾದದ್ದು, ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52. ಒಬ್ಬರು ಅದನ್ನು ‘ಬೇರಿಂಗ್ 6205’ ಎಂದು ದಾಖಲಿಸಿದರೆ ಇನ್ನೊಬ್ಬರು ‘ಬಾಲ್ ಬೇರಿಂಗ್’ ಎಂದು, ಮತ್ತೊಬ್ಬರು ಪಂಪ್ ಕಂಪನಿಯ ಬಿಡಿಭಾಗದ ನಂಬರಿನಲ್ಲಿ. ಕಂಪ್ಯೂಟರಿಗೆ ಅವು ಮೂರು ವಸ್ತು. ಒಂದು ಕೋಡಿನಲ್ಲಿ ದಾಸ್ತಾನು ಸೊನ್ನೆ ಎಂದು ತುರ್ತು ಖರೀದಿಗೆ ಓಡುವಾಗ ಇನ್ನೊಂದು ಕೋಡಿನ ಡಬ್ಬಿಗಳು ಪಕ್ಕದ ರ‍್ಯಾಕಿನಲ್ಲೇ ಧೂಳು ತಿನ್ನುತ್ತಿರುತ್ತವೆ.

ಇಂಥ ಕೋಡುಗಳನ್ನು ಜರಡಿ ಹಿಡಿಯುವುದು, ದೂರದ ದೇಶಗಳ ಸ್ಥಾವರಗಳ ಯಂತ್ರಪಟ್ಟಿಯನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟಿಸುವುದು ಬೆಂಗಳೂರಿನ ಅನೇಕರಿಗೆ ಅನ್ನದ ದಾರಿಯಾಯಿತು. ಸ್ಯಾಪ್ ತನ್ನ ಪ್ರಯೋಗಾಲಯವನ್ನು 1998ರಲ್ಲಿ ಇಲ್ಲಿ ತೆರೆಯಿತು. ಜನರಲ್ ಎಲೆಕ್ಟ್ರಿಕ್‌ನ ತಂತ್ರಜ್ಞಾನ ಕೇಂದ್ರ 2000ದಲ್ಲಿ ಬಂತು. ಉತ್ತರ ಸಮುದ್ರವನ್ನು ಕಣ್ಣಾರೆ ಕಾಣದವರಿಗೂ ಅಲ್ಲಿನ ಪಂಪುಗಳ ನಂಬರು ಬಾಯಿಪಾಠ.

ಫಿಟ್ಟರನ ಕಿವಿಯನ್ನೂ ಅಂಕಿಗೆ ಇಳಿಸುವ ಪ್ರಯತ್ನ ಹಳೆಯದೇ. ಎಷ್ಟು ಅದುರಿದರೆ ಪರವಾಗಿಲ್ಲ, ಎಷ್ಟಾದರೆ ಅಪಾಯ ಎಂಬ ಕೋಷ್ಟಕವನ್ನು ರಾಥ್‌ಬೋನ್ ಎಂಬ ಅಮೆರಿಕನ್ ಎಂಜಿನಿಯರ್ 1939ರಲ್ಲೇ ಪ್ರಕಟಿಸಿದ್ದರು. ತಿರುಗುವ ದಂಡವನ್ನು ಮುಟ್ಟದೆಯೇ ಅದರ ಅಲುಗಾಟ ಅಳೆಯುವ ಸಾಧನವನ್ನು ಡೊನಾಲ್ಡ್ ಬೆಂಟ್ಲಿ ನೆವಾಡದಲ್ಲಿ ಕಂಪನಿ ಕಟ್ಟಿ ಕಾರ್ಖಾನೆಗಳಿಗೆ ಮುಟ್ಟಿಸಿದರು. ಈಗ ಅಂಥ ಸಾಧನ ಕೊಟ್ಟ ಅಂಕಿ ಗೆರೆ ದಾಟಿದರೆ ವರ್ಕ್ ಆರ್ಡರ್ ತಾನಾಗಿಯೇ ಹುಟ್ಟುವಂತೆ ಮಾಡಬಹುದು. ಬಿಚ್ಚದೆ ನೋಡುವುದು: ವ್ಯಾಡಿಂಗ್ಟನ್ನರ ಗೆರೆ ಬೇಡಿದ್ದೂ ಅದನ್ನೇ.

ಬಿಚ್ಚದೆ ಎಷ್ಟು ದಿನ ಓಡಿಸಬಹುದು ಎಂಬುದಕ್ಕೆ ಉತ್ತರ ಕನ್ನಡದ ಕಾಳಿ ದಂಡೆಯಲ್ಲೇ ಒಂದು ದಾಖಲೆ ಇದೆ. ಕೈಗಾ ಅಣುಸ್ಥಾವರದ 220 ಮೆಗಾವಾಟ್ ಸಾಮರ್ಥ್ಯದ ಒಂದನೇ ಘಟಕ 2016ರ ಮೇ 13ರಂದು ಚಾಲೂ ಆದದ್ದು ನಿಲ್ಲಲೇ ಇಲ್ಲ. ಭಾರಜಲದ ಈ ಬಗೆಯ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ತುಂಬಬಹುದು. ಅವಳಿ ಪಂಪುಗಳಲ್ಲಿ ಒಂದು ದುಡಿಯುವಾಗ ಇನ್ನೊಂದಕ್ಕೆ ಸರದಿಯ ಆರೈಕೆ ಮಾಡಬಹುದು. 2018ರ ಡಿಸೆಂಬರ್‌ನಲ್ಲಿ ಅದು ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಮುರಿಯಿತು. ಕೆಲವು ವರ್ಷಗಳಲ್ಲಿ ಕೆನಡಾದ ಡಾರ್ಲಿಂಗ್ಟನ್ ಘಟಕ 1,106 ದಿನ ಓಡಿ ಇದನ್ನೂ ಹಿಂದಿಕ್ಕಿತು. ಕೈಗಾದ ಓಟ ನಿಂತದ್ದು 962ನೇ ದಿನ, 2018ರ ಡಿಸೆಂಬರ್ 31ರಂದು. ಕೆಟ್ಟು ನಿಂತದ್ದಲ್ಲ. ಕಡ್ಡಾಯ ತಪಾಸಣೆಯ ಸರದಿ ಬಂದಿತ್ತು, ನಿಲ್ಲಿಸಿದರು.