ರಸ್ತೆ ಸುರಕ್ಷತಾ ವೃತ್ತಿಪರರು: ಅವರ ಕಾರ್ಯಸ್ವರೂಪ ಮತ್ತು ನಾಗರಿಕರಿಗೆ ಲಭ್ಯವಿರುವ ಸೇವೆಗಳು

1. ಪೀಠಿಕೆ

ರಸ್ತೆ ಅಪಘಾತದಲ್ಲಿ ಸಂಭವಿಸುವ ಸಾವನ್ನು ಹಣೆಬರಹವೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ವಾಸ್ತವವಾಗಿ ಪ್ರತಿಯೊಂದು ಅಪಘಾತಕ್ಕೂ ಗುರುತಿಸಬಹುದಾದ ಕಾರಣಗಳಿರುತ್ತವೆ. ಆ ಕಾರಣಗಳನ್ನು ಪತ್ತೆಹಚ್ಚಿ ನಿವಾರಿಸುವುದನ್ನೇ ವೃತ್ತಿಯಾಗಿ ಉಳ್ಳ ಎಂಜಿನಿಯರುಗಳು, ಮೋಟಾರು ವಾಹನ ನಿರೀಕ್ಷಕರು, ಪೊಲೀಸ್ ಅಧಿಕಾರಿಗಳು, ವೈದ್ಯರು ಮತ್ತು ಸಂಶೋಧಕರು ಇದ್ದಾರೆ. ಇವರ ಕಾರ್ಯವು ನಾಗರಿಕರು ನೀಡುವ ಮಾಹಿತಿ ಹಾಗೂ ಸಲ್ಲಿಸುವ ಅರ್ಜಿಗಳನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆದುದರಿಂದ ಯಾವ ಕಾರ್ಯವನ್ನು ಯಾರು ನಿರ್ವಹಿಸುತ್ತಾರೆ, ಯಾವ ಸೇವೆಗಾಗಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ಸಮಸ್ಯೆಯ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2021ರಲ್ಲಿ ವಿಶ್ವದಾದ್ಯಂತ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. ಇವುಗಳಲ್ಲಿ ಶೇ. 92ರಷ್ಟು ಸಾವುಗಳು ಕಡಿಮೆ ಮತ್ತು ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ ಸಂಭವಿಸಿದವು. ಆದರೆ ವಿಶ್ವದ ಒಟ್ಟು ವಾಹನಗಳ ಪೈಕಿ ಈ ರಾಷ್ಟ್ರಗಳಲ್ಲಿರುವುದು ಸುಮಾರು ಶೇ. 60 ಮಾತ್ರ. 5ರಿಂದ 29 ವರ್ಷ ವಯೋಮಾನದವರ ಸಾವಿಗೆ ರಸ್ತೆ ಅಪಘಾತವೇ ಮೊದಲನೆಯ ಕಾರಣವಾಗಿದೆ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಅಂಕಿ-ಅಂಶಗಳಂತೆ 2022ರಲ್ಲಿ ಭಾರತದಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಜನರು ಮೃತಪಟ್ಟರು. ಕರ್ನಾಟಕದಲ್ಲಿ ಅದೇ ವರ್ಷ ಮೃತಪಟ್ಟವರ ಸಂಖ್ಯೆ 11,702. ದೇಶದಲ್ಲಿ ಮೃತಪಟ್ಟವರ ಪೈಕಿ ಶೇ. 44.5ರಷ್ಟು ಜನರು ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ. 19.5ರಷ್ಟು ಜನರು ಪಾದಚಾರಿಗಳು. ಅಂದರೆ ಮೃತರಲ್ಲಿ ಹೆಚ್ಚಿನವರು ಕಾರಿನ ಕವಚದ ರಕ್ಷಣೆ ಇಲ್ಲದವರೇ ಆಗಿದ್ದಾರೆ.

ಅಭಿವೃದ್ಧಿಶೀಲ ರಾಷ್ಟ್ರಗಳ ರಸ್ತೆಗಳಲ್ಲಿ ಲಾರಿ, ಬಸ್ಸು, ಕಾರು, ಆಟೋರಿಕ್ಷಾ, ಟ್ರ್ಯಾಕ್ಟರ್, ಸೈಕಲ್, ಎತ್ತಿನಗಾಡಿ ಹಾಗೂ ಪಾದಚಾರಿಗಳು ಒಂದೇ ಪಥದಲ್ಲಿ ಸಂಚರಿಸುವುದು ಸಾಮಾನ್ಯ. ಕಾರುಗಳೇ ಅಧಿಕವಾಗಿರುವ ರಾಷ್ಟ್ರಗಳಿಗೆ ರೂಪಿಸಿದ ಪರಿಹಾರಗಳು ಇಂತಹ ರಸ್ತೆಗಳಿಗೆ ಸಾಲವು ಎಂಬುದನ್ನು ದೆಹಲಿಯ ಐ.ಐ.ಟಿ.ಯಲ್ಲಿ ಸಂಶೋಧನೆ ನಡೆಸಿದ ಪ್ರೊ. ದಿನೇಶ್ ಮೋಹನ್ ಅವರು ದಶಕಗಳ ಕಾಲ ಪ್ರತಿಪಾದಿಸಿದರು. 2021ರಲ್ಲಿ ನಿಧನರಾದ ಅವರು ಈ ಕ್ಷೇತ್ರದ ಆದ್ಯರಲ್ಲಿ ಒಬ್ಬರು.

3. ಸುರಕ್ಷಿತ ವ್ಯವಸ್ಥೆಯ ತತ್ತ್ವ

ಮನುಷ್ಯನು ತಪ್ಪು ಮಾಡುವುದು ಸಹಜ. ಆ ತಪ್ಪಿಗೆ ಪ್ರಾಣವೇ ದಂಡವಾಗಬಾರದು ಎಂಬುದು ಈ ವೃತ್ತಿಪರರು ಅನುಸರಿಸುವ ಮೂಲತತ್ತ್ವ. ಚಾಲಕನಿಗೆ ಬುದ್ಧಿ ಹೇಳುವುದರ ಜೊತೆಗೆ ರಸ್ತೆ, ವಾಹನ, ವೇಗ ಮತ್ತು ಚಿಕಿತ್ಸಾ ವ್ಯವಸ್ಥೆಗಳನ್ನೂ ಸರಿಪಡಿಸಬೇಕೆಂಬುದು ಇದರ ಅರ್ಥ.

ಇವುಗಳಲ್ಲಿ ವೇಗವು ಅತಿ ಮುಖ್ಯವಾದುದು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಚಲಿಸುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತುವುದರೊಳಗೆ ಇಷ್ಟು ದೂರ ಕ್ರಮಿಸಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ನಂತರ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಸಂಭವ ಸುಮಾರು ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

4. ರಸ್ತೆ ಸುರಕ್ಷತಾ ವೃತ್ತಿಪರರು ಯಾರು?

(ಅ) ರಸ್ತೆ ಸುರಕ್ಷತಾ ಪರಿಶೋಧಕರು: ಇವರು ವಿಶೇಷ ತರಬೇತಿ ಪಡೆದ ಎಂಜಿನಿಯರುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಯಂತೆ ವಿನ್ಯಾಸ, ನಿರ್ಮಾಣ, ಸಂಚಾರಕ್ಕೆ ಮುಕ್ತಗೊಳಿಸುವ ಪೂರ್ವ ಹಾಗೂ ಬಳಕೆ ಎಂಬ ವಿವಿಧ ಹಂತಗಳಲ್ಲಿ ರಸ್ತೆಯನ್ನು ಪರಿಶೀಲಿಸುತ್ತಾರೆ. ರಸ್ತೆಯನ್ನು ನಿರ್ಮಿಸಿದವರೇ ಅದನ್ನು ಪರಿಶೋಧಿಸಬಾರದು ಎಂಬುದು ಈ ಕಾರ್ಯದ ಮೂಲ ನಿಯಮ. ಉದಾಹರಣೆಗೆ, ರಸ್ತೆ ಉಬ್ಬನ್ನು ಎಲ್ಲೆಂದರಲ್ಲಿ, ಹೇಗೆಂದರೆ ಹಾಗೆ ಹಾಕುವಂತಿಲ್ಲ. ಗಂಟೆಗೆ 25 ಕಿ.ಮೀ. ವೇಗಕ್ಕೆ ನಿಗದಿಪಡಿಸಿದ ಉಬ್ಬು 3.7 ಮೀಟರ್ ಅಗಲ ಮತ್ತು 10 ಸೆಂ.ಮೀ. ಎತ್ತರವಿರಬೇಕು, ಬಣ್ಣದ ಪಟ್ಟಿ ಹಾಗೂ ಮುಂಚಿತ ಸೂಚನಾ ಫಲಕ ಇರಬೇಕು. ಗ್ರಾಮಸ್ಥರು ತಾವೇ ಹಾಕಿಕೊಂಡ ಗುರುತಿಲ್ಲದ ಉಬ್ಬು ರಾತ್ರಿಯ ವೇಳೆ ದ್ವಿಚಕ್ರ ವಾಹನ ಸವಾರರಿಗೆ ಪ್ರಾಣಾಪಾಯ ತರಬಹುದು.

(ಆ) ಮೋಟಾರು ವಾಹನ ನಿರೀಕ್ಷಕರು: ಚಾಲನಾ ಪರೀಕ್ಷೆ ನಡೆಸುವುದು, ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ನೀಡುವ ಮುನ್ನ ಪರಿಶೀಲಿಸುವುದು ಮತ್ತು ಅಪಘಾತಕ್ಕೀಡಾದ ವಾಹನಗಳ ತಪಾಸಣಾ ವರದಿ ನೀಡುವುದು ಇವರ ಕರ್ತವ್ಯಗಳು.

(ಇ) ಪೊಲೀಸ್ ತನಿಖಾಧಿಕಾರಿಗಳು: ಸ್ಥಳ ಮಹಜರು, ನಕ್ಷೆ, ಸಾಕ್ಷಿ ಹೇಳಿಕೆಗಳ ಮೂಲಕ ಅಪಘಾತದ ಕಾರಣವನ್ನು ದಾಖಲಿಸುತ್ತಾರೆ.

(ಈ) ವೈದ್ಯರು ಮತ್ತು ತುರ್ತು ಸೇವಾ ಸಿಬ್ಬಂದಿ: ಅಪಘಾತದ ನಂತರದ ಮೊದಲ ಒಂದು ಗಂಟೆಯಲ್ಲಿ ದೊರೆಯುವ ಚಿಕಿತ್ಸೆ ಅನೇಕರ ಪ್ರಾಣ ಉಳಿಸಬಲ್ಲದು. ವೈದ್ಯರ ಪಾತ್ರ ಆಸ್ಪತ್ರೆಗಷ್ಟೇ ಸೀಮಿತವಲ್ಲ. ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕರಾದ ಡಾ. ಎಸ್. ರಾಜಶೇಖರನ್ ಅವರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ರಸ್ತೆ ಸುರಕ್ಷತಾ ಸಮಿತಿಯನ್ನು ರಚಿಸಿತು.

(ಉ) ಸಂಶೋಧಕರು: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಜಿ. ಗುರುರಾಜ್ ಅವರ ನೇತೃತ್ವದಲ್ಲಿ ಪೊಲೀಸ್ ಹಾಗೂ ಆಸ್ಪತ್ರೆಗಳ ದಾಖಲೆಗಳನ್ನು ಒಟ್ಟುಗೂಡಿಸಿ ಅಧ್ಯಯನ ನಡೆಸಲಾಯಿತು. ಗಾಯಾಳುಗಳಲ್ಲಿ ಅನೇಕರು ಆಸ್ಪತ್ರೆಗೆ ಬಂದರೂ ಪೊಲೀಸ್ ದಾಖಲೆಗೆ ಬರುವುದಿಲ್ಲವಾದ್ದರಿಂದ ಇಂತಹ ಅಧ್ಯಯನಗಳು ಅವಶ್ಯಕ.

5. ದಾಖಲೆಯಿಂದ ಸುಧಾರಣೆಯವರೆಗೆ

ಮೇಲ್ಕಂಡ ವೃತ್ತಿಪರರೆಲ್ಲರ ಕಾರ್ಯವೂ ಒಂದೊಂದು ಅಪಘಾತದ ನಿಖರ ದಾಖಲೆಯಿಂದಲೇ ಪ್ರಾರಂಭವಾಗುತ್ತದೆ. ಈ ಉದ್ದೇಶಕ್ಕಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಮತ್ತು ಐ.ಐ.ಟಿ. ಮದ್ರಾಸ್ ಸಹಯೋಗದಲ್ಲಿ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ರೂಪಿಸಲಾಗಿದ್ದು, ಪ್ರಾಯೋಗಿಕವಾಗಿ ಆರಂಭಗೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸ್, ಸಾರಿಗೆ, ಲೋಕೋಪಯೋಗಿ ಹಾಗೂ ಆರೋಗ್ಯ ಇಲಾಖೆಗಳು ಒಂದೇ ಅಪಘಾತದ ವಿವರಗಳನ್ನು ಇದರಲ್ಲಿ ದಾಖಲಿಸುತ್ತವೆ.

ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವುಂಟಾದ 5 ಅಪಘಾತಗಳು ಸಂಭವಿಸಿದ್ದರೆ, ಇಲ್ಲವೇ 10 ಸಾವುಗಳಾಗಿದ್ದರೆ, ಅದನ್ನು ‘ಬ್ಲ್ಯಾಕ್ ಸ್ಪಾಟ್’ ಎಂದು ಪರಿಗಣಿಸಲಾಗುತ್ತದೆ. ಇಂತಹ ಸ್ಥಳಗಳಲ್ಲಿ ಮೊದಲು ಫಲಕ, ದೀಪ, ವೇಗ ತಗ್ಗಿಸುವ ಪಟ್ಟಿಗಳಂತಹ ತಾತ್ಕಾಲಿಕ ಕ್ರಮಗಳನ್ನೂ, ಅನಂತರ ಕೆಳಸೇತುವೆ ಅಥವಾ ಕೂಡುರಸ್ತೆಯ ಮರುವಿನ್ಯಾಸದಂತಹ ಶಾಶ್ವತ ಕ್ರಮಗಳನ್ನೂ ಕೈಗೊಳ್ಳಲಾಗುತ್ತದೆ. ಅಪಘಾತವು ದಾಖಲೆಯಾಗದಿದ್ದಲ್ಲಿ ಅಥವಾ ಸ್ಥಳದ ಹೆಸರು ತಪ್ಪಾಗಿ ದಾಖಲಾದಲ್ಲಿ ಆ ಸ್ಥಳವು ಪಟ್ಟಿಗೆ ಸೇರುವುದಿಲ್ಲ. ಅದೇ ತಿರುವಿನಲ್ಲಿ ಮತ್ತೊಬ್ಬರು ಪ್ರಾಣ ಕಳೆದುಕೊಳ್ಳುವ ಸಂಭವವಿರುತ್ತದೆ.

6. ಒಂದು ನಿದರ್ಶನ: ಬೆಂಗಳೂರು–ಮೈಸೂರು ಹೆದ್ದಾರಿ

ಸುಮಾರು 119 ಕಿ.ಮೀ. ಉದ್ದದ ಈ ಪ್ರವೇಶ ನಿಯಂತ್ರಿತ ಹೆದ್ದಾರಿಯನ್ನು ಮಾರ್ಚ್ 2023ರಲ್ಲಿ ಉದ್ಘಾಟಿಸಲಾಯಿತು. ಅತಿ ವೇಗದ ಕಾರುಗಳು ಮತ್ತು ನಿಧಾನವಾಗಿ ಸಾಗುವ ವಾಹನಗಳು ಒಂದೇ ಪಥದಲ್ಲಿದ್ದುದರಿಂದ ಹಾಗೂ ಜನರು ಹೆದ್ದಾರಿಯನ್ನು ಅಡ್ಡ ದಾಟುತ್ತಿದ್ದುದರಿಂದ ಆ ವರ್ಷ ನೂರಕ್ಕೂ ಹೆಚ್ಚು ಜನರು ಮೃತಪಟ್ಟರು.

ತಜ್ಞರ ಪರಿಶೀಲನೆಯ ನಂತರ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಮುಂತಾದವುಗಳ ಸಂಚಾರವನ್ನು ನಿಷೇಧಿಸಲಾಯಿತು. ಗರಿಷ್ಠ ವೇಗವನ್ನು ಗಂಟೆಗೆ 100 ಕಿ.ಮೀ.ಗೆ ಮಿತಿಗೊಳಿಸಿ, ಕ್ಯಾಮೆರಾಗಳ ಮೂಲಕ ಉಲ್ಲಂಘನೆಗಳನ್ನು ದಾಖಲಿಸಲಾಯಿತು. 2024ರಲ್ಲಿ ಸಾವುಗಳ ಸಂಖ್ಯೆ ಹಿಂದಿನ ವರ್ಷದ ಅರ್ಧಕ್ಕಿಂತಲೂ ಕಡಿಮೆಯಾಯಿತು. ರಸ್ತೆಯೂ ಅದೇ, ಚಾಲಕರೂ ಬಹುಮಟ್ಟಿಗೆ ಅವರೇ, ಬದಲಾದುದು ವ್ಯವಸ್ಥೆ. ಆದರೂ ನಿಷೇಧದಿಂದಾಗಿ ಸುತ್ತಮುತ್ತಲ ಗ್ರಾಮಗಳ ಸವಾರರು ಸೇವಾ ರಸ್ತೆಯನ್ನೇ ಅವಲಂಬಿಸಬೇಕಾಯಿತು ಎಂಬುದನ್ನೂ ಗಮನಿಸಬೇಕು. ಸೇವಾ ರಸ್ತೆ ಮತ್ತು ದಾಟು ಸೇತುವೆಗಳು ಸಮರ್ಪಕವಾಗಿದ್ದರೆ ಮಾತ್ರ ಇಂತಹ ಕ್ರಮವು ಎಲ್ಲರಿಗೂ ನ್ಯಾಯ ಒದಗಿಸುತ್ತದೆ.

7. ನಾಗರಿಕರಿಗೆ ಲಭ್ಯವಿರುವ ಸೇವೆಗಳು

(ಅ) ಚಾಲನಾ ಅನುಜ್ಞಾ ಪತ್ರ: ಕಲಿಕಾ ಲೈಸೆನ್ಸ್ ಪಡೆದ 30 ದಿನಗಳ ನಂತರ ಹಾಗೂ ಅದರ ಆರು ತಿಂಗಳ ಅವಧಿ ಮುಗಿಯುವ ಮುನ್ನ ಚಾಲನಾ ಪರೀಕ್ಷೆಗೆ ಅರ್ಜಿ ಸಲ್ಲಿಸತಕ್ಕದ್ದು. ಪರೀಕ್ಷೆಗೆ ಅರ್ಜಿದಾರರು ಖುದ್ದಾಗಿ ಹಾಜರಾಗಬೇಕು. ಮಧ್ಯವರ್ತಿಗಳ ಮೂಲಕ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವವರು ತಮ್ಮ ಹಾಗೂ ಇತರರ ಪ್ರಾಣವನ್ನು ಪಣಕ್ಕಿಟ್ಟಂತಾಗುತ್ತದೆ.

(ಆ) ಅರ್ಹತಾ ಪತ್ರ: ಸಾರಿಗೆ ವಾಹನಗಳಿಗೆ ಎಂಟು ವರ್ಷಗಳವರೆಗೆ ಎರಡು ವರ್ಷಗಳಿಗೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರವನ್ನು ನವೀಕರಿಸಬೇಕು.

(ಇ) ಅಪಾಯಕಾರಿ ಸ್ಥಳದ ಬಗ್ಗೆ ಮನವಿ: ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ. ರಸ್ತೆಯ ಹೆಸರು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹಿಂದೆ ಸಂಭವಿಸಿದ ಅಪಘಾತಗಳ ದಿನಾಂಕ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸುವುದು ಸೂಕ್ತ.

(ಈ) ನಗದುರಹಿತ ಚಿಕಿತ್ಸೆ: ಮೇ 2025ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಂತೆ, ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಗರಿಷ್ಠ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ಚಿಕಿತ್ಸೆ ದೊರೆಯುತ್ತದೆ.

(ಉ) ಡಿಕ್ಕಿ ಹೊಡೆದು ಪರಾರಿಯಾದ ಪ್ರಕರಣಗಳು: ವಾಹನ ಪತ್ತೆಯಾಗದಿದ್ದಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಡಿ ಮೃತರ ಅವಲಂಬಿತರಿಗೆ ರೂ. 2 ಲಕ್ಷ, ತೀವ್ರ ಗಾಯಾಳುಗಳಿಗೆ ರೂ. 50,000 ಪರಿಹಾರವಿದೆ. ಸಂಬಂಧಪಟ್ಟ ಕಂದಾಯ ಉಪವಿಭಾಗದ ಅಧಿಕಾರಿ ಅಥವಾ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು.

(ಊ) ಇತರೆ ಪ್ರಕರಣಗಳು: ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ಮುಂದೆ ಪರಿಹಾರ ಕೋರಬಹುದಾಗಿದೆ. ಕಾಲಮಿತಿಯ ತಕರಾರಿಗೆ ಅವಕಾಶವಾಗದಂತೆ ವಿಳಂಬವಿಲ್ಲದೆ, ಸಾಧ್ಯವಾದಲ್ಲಿ ಆರು ತಿಂಗಳೊಳಗೆ ಅರ್ಜಿ ಸಲ್ಲಿಸುವುದು ಕ್ಷೇಮಕರ. ಪೊಲೀಸ್ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಾಧಿಕರಣಕ್ಕೆ ಸಲ್ಲಿಸಬೇಕೆಂದು ನಿಯಮಗಳು ವಿಧಿಸಿವೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಠಾಣೆ, ನ್ಯಾಯಾಲಯಗಳಿಗೆ ಅಲೆಯಬೇಕಾಗುವುದೇ?
ಉತ್ತರ: ಇಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಪ್ರಕರಣದಡಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆಯಿದೆ. ಹೆಸರು, ವಿಳಾಸ ತಿಳಿಸುವಂತೆ ಯಾರೂ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ಸ್ವಇಚ್ಛೆಗೆ ಬಿಟ್ಟ ವಿಷಯ. ಒಪ್ಪಿದಲ್ಲಿ ಅವರಿಗೆ ಅನುಕೂಲವಾದ ಸ್ಥಳ ಮತ್ತು ಸಮಯದಲ್ಲಿ ಹೇಳಿಕೆ ಪಡೆಯಬೇಕು.

ಪ್ರಶ್ನೆ: ರಸ್ತೆಯ ದೋಷದಿಂದಲೇ ಅಪಘಾತವಾಗಿದ್ದರೆ ಹೊಣೆ ಯಾರದು?
ಉತ್ತರ: 2019ರ ತಿದ್ದುಪಡಿಯಿಂದ ಸೇರಿದ 198ಎ ಪ್ರಕರಣದಂತೆ, ವಿನ್ಯಾಸ, ನಿರ್ಮಾಣ ಹಾಗೂ ನಿರ್ವಹಣೆಯ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ರೂ. 1 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

ಪ್ರಶ್ನೆ: ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೇ?
ಉತ್ತರ: ಹೌದು. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಕಡ್ಡಾಯ. ಐ.ಎಸ್.ಐ. ಗುರುತಿರುವ ಹೆಲ್ಮೆಟ್ಟನ್ನು ಗಲ್ಲದ ಪಟ್ಟಿ ಬಿಗಿದು ಧರಿಸತಕ್ಕದ್ದು. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣವೇ ತಲೆಯಿಂದ ಕಳಚಿಹೋಗಬಹುದು.

9. ಸಾರ್ವಜನಿಕರಲ್ಲಿ ಮನವಿ

ಅಪಘಾತವನ್ನು ಕಂಡಲ್ಲಿ ಕೂಡಲೇ 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಿ ಸ್ಥಳದ ನಿಖರ ಗುರುತನ್ನು ತಿಳಿಸಬೇಕು. ಗಾಯಗಳಾಗಿರುವ ಪ್ರಕರಣಗಳನ್ನು ಸ್ಥಳದಲ್ಲೇ ರಾಜಿ ಮಾಡಿಕೊಂಡು ಮುಚ್ಚಿಹಾಕಬಾರದು. ಹಾಗೆ ಮಾಡಿದಲ್ಲಿ ಗಾಯಾಳುವಿನ ಪರಿಹಾರದ ಹಕ್ಕಿಗೆ ಧಕ್ಕೆಯಾಗುವುದಲ್ಲದೆ, ಆ ಸ್ಥಳದ ದೋಷವೂ ಬೆಳಕಿಗೆ ಬಾರದೆ ಉಳಿಯುತ್ತದೆ. ವಿಶ್ವಸಂಸ್ಥೆಯು 2021–2030ರ ದಶಕದಲ್ಲಿ ರಸ್ತೆ ಸಾವುಗಳನ್ನು ಕನಿಷ್ಠ ಅರ್ಧದಷ್ಟು ತಗ್ಗಿಸುವ ಗುರಿಯನ್ನು ನಿಗದಿಪಡಿಸಿದೆ. ವೃತ್ತಿಪರರ ಪರಿಣತಿಯೊಡನೆ ನಾಗರಿಕರ ಸತ್ಯವಾದ ಮಾಹಿತಿಯೂ ಸೇರಿದಲ್ಲಿ ಮಾತ್ರ ಈ ಗುರಿ ಸಾಧ್ಯವಾಗುವುದರಿಂದ, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.